ಮೊಟ್ಟೆ ಟ್ರೇಯಲ್ಲಿ ಚಿತ್ರದುರ್ಗದ ಕಲ್ಲುಗಳು: ಈ ವರ್ಷದ ಕೆಲಸದ ಟಿಪ್ಪಣಿ

ಜೂನ್

ನಮ್ಮ ಶಾಲೆಯ ವಿಜ್ಞಾನದ ಬೀರುವಿನಲ್ಲಿ ಹಳೆಯದೊಂದು ಕಲ್ಲಿನ ಪೆಟ್ಟಿಗೆ ಇದೆ. ಯಾವ ಕಾಲದಲ್ಲೋ ಕೊಂಡದ್ದು. ಒಳಗೆ ಸಣ್ಣ ಸಣ್ಣ ತುಂಡುಗಳು, ಒಂದೊಂದಕ್ಕೂ ಹೆಸರಿನ ಚೀಟಿ. ಚೀಟಿ ಓದಿಕೊಂಡರೆ ಪಾಠ ಮುಗಿಯಿತು, ಕಲ್ಲನ್ನು ಕೈಗೆತ್ತಿಕೊಳ್ಳುವ ಗೋಜೇ ಇಲ್ಲ. ಈ ವರ್ಷ ಐದು ಮತ್ತು ಆರನೇ ತರಗತಿಯವರ ಜೊತೆ ಕೂತು ನಮ್ಮದೇ ಒಂದು ಸಂಗ್ರಹ ಮಾಡುವುದೆಂದು ಶುರು ಮಾಡಿದ್ದೇವೆ. ಕಲ್ಲು ನಮ್ಮ ಸುತ್ತಮುತ್ತ ಸಿಕ್ಕಿದ್ದಾಗಿರಬೇಕು, ಇಲ್ಲವೇ ಮಕ್ಕಳ ಮನೆಯಲ್ಲಿ ಬಳಕೆಯಲ್ಲಿರಬೇಕು. ಮೊದಲು ಪರೀಕ್ಷೆ, ಹೆಸರು ಆಮೇಲೆ.

ಅಗ್ನಿಶಿಲೆ, ಪದರ ಶಿಲೆ, ರೂಪಾಂತರ ಶಿಲೆ ಎಂಬ ಮೂರು ಗುಂಪುಗಳಿಂದ ಶುರು ಮಾಡಬಾರದು ಎನ್ನುವುದು ನನ್ನ ಹಟ. ಅದಕ್ಕೆ ಕಾರಣ ನಮ್ಮ ಜಿಲ್ಲೆಯ ನೆಲವೇ. ಚಿತ್ರದುರ್ಗದ ಶಿಲಾಪಟ್ಟಿಯಲ್ಲಿ ಒಂದು ಕಾಲಕ್ಕೆ ಲಾವಾ ಆಗಿ ಹರಿದದ್ದೂ ಇದೆ, ನೀರಿನಡಿ ಕೆಸರಾಗಿ ಕೂತದ್ದೂ ಇದೆ. ಆಮೇಲೆ ಕೋಟ್ಯಂತರ ವರ್ಷ ಬೆಂದು, ಒತ್ತಡಕ್ಕೆ ಸಿಕ್ಕಿ, ಎರಡೂ ಮಾರ್ಪಟ್ಟಿವೆ. ರಸ್ತೆ ಬದಿಯಲ್ಲಿ ಸಿಗುವ ಹಸಿರುಗಪ್ಪು ಕಲ್ಲು ಯಾವ ಗುಂಪಿನದು ಎಂದು ಕೈಯಲ್ಲಿ ಹಿಡಿದು ಹೇಳುವುದು ಭೂವಿಜ್ಞಾನಿಗೂ ಸುಲಭವಲ್ಲ. ತೆಳ್ಳಗೆ ಅರೆದು ಸೂಕ್ಷ್ಮದರ್ಶಕದಡಿ ಇಡಬೇಕಾಗುತ್ತದೆ. ಆದರೆ ಅದೇ ಕಲ್ಲು ಗಾಜನ್ನು ಗೀರುತ್ತದೋ ಇಲ್ಲವೋ ಎನ್ನುವುದನ್ನು ಹತ್ತು ವರ್ಷದ ಹುಡುಗಿ ಯಾರನ್ನೂ ಕೇಳದೆ ತಿಳಿದುಕೊಳ್ಳಬಲ್ಲಳು.

ಜುಲೈ

ಸಂಗ್ರಹ ಶುರು. ಕಲ್ಲಿಗಾಗಿ ಬೆಟ್ಟ ಹತ್ತಬೇಕಾಗಿಲ್ಲ. ಹೊಸ ಕೊಠಡಿಗೆಂದು ತಂದು ಸುರಿದ ಜಲ್ಲಿ ರಾಶಿಯಲ್ಲೇ ಬೂದು, ಕಪ್ಪು, ನಸುಗೆಂಪು ಎಲ್ಲ ಇತ್ತು. ಅಡುಗೆಮನೆ ಕಟ್ಟೆಗೆ ಕಲ್ಲು ಕೊಯ್ದು ಕೊಡುವ ಗ್ರಾನೈಟ್ ಅಂಗಡಿಯವರು ಒಂದು ಚೀಲ ತುಂಡುಗಳನ್ನು ಬಿಟ್ಟಿಯಾಗಿಯೇ ಕೊಟ್ಟರು. ಪಾಲಿಶ್ ಆದ ಮುಖದಲ್ಲಿ ಒಳಗಿನ ಕಣಗಳು ಸ್ಪಷ್ಟವಾಗಿ ಕಾಣುವುದರಿಂದ ಭೂತಗನ್ನಡಿಗೆ ಇವೇ ಒಳ್ಳೆಯವು: ಗಾಜಿನಂತೆ ಕಾಣುವುದು ಬೆಣಚು, ಬಿಳಿ ಅಥವಾ ಗುಲಾಬಿ ಬಣ್ಣದ್ದು ಫೆಲ್ಡ್‌ಸ್ಪಾರ್, ಮಿರುಗುವ ಕರಿ ಚಕ್ಕೆ ಅಭ್ರಕ. ಅಂಗಡಿಯಲ್ಲಿ ಕಪ್ಪು ಗ್ರಾನೈಟ್ ಎಂದು ಮಾರುವುದರಲ್ಲಿ ಬೆಣಚು ಹುಡುಕಿದರೂ ಸಿಗುವುದಿಲ್ಲ. ಅದು ಬಹುಪಾಲು ಡಾಲರೈಟ್ ಅಥವಾ ಗ್ಯಾಬ್ರೋ ಎಂಬ ಬೇರೆ ಜಾತಿಯ ಕಲ್ಲು, ವ್ಯಾಪಾರದ ಲೆಕ್ಕಕ್ಕೆ ಮಾತ್ರ ಗ್ರಾನೈಟ್.

ಇಡುವುದಕ್ಕೆ ಬಿಸಿಯೂಟದ ಮೊಟ್ಟೆ ಟ್ರೇಗಳು. ಪ್ರತಿ ಕಲ್ಲಿಗೂ ಒಂದು ಚುಕ್ಕೆ ವೈಟ್ನರ್, ಅದರ ಮೇಲೆ ಪೆನ್ನಿನಲ್ಲಿ ನಂಬರು, ಅಳಿಸಿ ಹೋಗದಂತೆ ಮೇಲೊಂದು ಪದರ ಬಣ್ಣವಿಲ್ಲದ ನೇಲ್ ಪಾಲಿಶ್. ರಿಜಿಸ್ಟರಿನಲ್ಲಿ ಆ ನಂಬರಿನ ಎದುರು ಎಲ್ಲಿ ಸಿಕ್ಕಿತು, ಯಾರು ತಂದರು, ಯಾವತ್ತು. ಹೆಸರಿನ ಅಂಕಣ ಖಾಲಿ. ಎಲ್ಲಿಯದು ಎಂದು ಬರೆಯದ ಕಲ್ಲಿಗೆ ಟ್ರೇಯಲ್ಲಿ ಜಾಗವಿಲ್ಲ ಎಂದು ಹೇಳಿದ ಮೇಲೆ ಕೆಲವರು ಕೈಯಲ್ಲಿದ್ದ ಕಲ್ಲನ್ನು ಎಸೆದು, ಜಾಗ ನೋಡಿಕೊಂಡು ಹೊಸದನ್ನೇ ತಂದರು.

ಆಗಸ್ಟ್

ಗಡಸುತನ. ಖನಿಜ ವಿಜ್ಞಾನಿ ಫ್ರೀಡ್ರಿಖ್ ಮೋಸ್ 1812ರಲ್ಲಿ ಮಾಡಿದ ಹತ್ತರ ಪಟ್ಟಿಯೇ ಇವತ್ತಿಗೂ ನಡೆಯುತ್ತಿದೆ, ಹೆಚ್ಚಿನ ಅಂಕಿಯದು ಕಡಿಮೆ ಅಂಕಿಯದನ್ನು ಗೀರುತ್ತದೆ. ತಾಲ್ಕ್ 1, ಜಿಪ್ಸಮ್ 2, ಕ್ಯಾಲ್ಸೈಟ್ 3, ಹೀಗೆ ಏರುತ್ತಾ ಬೆಣಚು 7, ವಜ್ರ 10. ಉಗುರು ಸುಮಾರು ಎರಡೂವರೆಗೆ ನಿಲ್ಲುತ್ತದೆ, ತಾಮ್ರ 3, ಗಾಜು ಐದೂವರೆ. ತಾಮ್ರದ ನಾಣ್ಯದಿಂದ ಗೀರಿ ಎನ್ನುವ ಸಲಹೆ ಎಲ್ಲ ಕಡೆ ಇದೆ, ಆದರೆ ಈಗ ನಮ್ಮ ಜೇಬಿನಲ್ಲಿರುವ ಒಂದು, ಎರಡು ರೂಪಾಯಿ ಸ್ಟೇನ್‌ಲೆಸ್ ಸ್ಟೀಲಿನದು. ಕರೆಂಟ್ ಕೆಲಸದವರು ಬಿಟ್ಟುಹೋದ ದಪ್ಪ ತಾಮ್ರದ ತಂತಿ ಸಾಕಾಯಿತು. (ಮನೆಯ ಪೂಜೆಯ ಉದ್ಧರಣೆ ತರುತ್ತೇನೆಂದು ಒಬ್ಬ ಮುಂದೆ ಬಂದ. ಬೇಡ ಮಾರಾಯ, ನಿಮ್ಮಜ್ಜಿ ನನ್ನನ್ನು ಗೀರಿಯಾರು ಎಂದೆ.)

ಮಾಡಿ ನೋಡುವವರಿಗೆ ಒಂದು ಮಾತು. ಗಟ್ಟಿ ಕಲ್ಲಿನ ಮೇಲೆ ಮೊಳೆ ಎಳೆದರೆ ಗೆರೆ ಕಾಣುತ್ತದೆ, ಮಕ್ಕಳು ಗೀರಾಯಿತು ಎಂದು ಬರೆದುಬಿಡುತ್ತಾರೆ. ಒದ್ದೆ ಬೆರಳಿನಿಂದ ಉಜ್ಜಬೇಕು. ಅಳಿಸಿ ಹೋದರೆ ಅದು ಕಲ್ಲಿಗೆ ಮೆತ್ತಿದ ಮೊಳೆಯ ಕಬ್ಬಿಣ, ಸವೆದದ್ದು ಮೊಳೆ.

ಉಗುರಿಗೆ ಸೋತದ್ದು ಬಳಪದ ಕಲ್ಲು. ಒಬ್ಬಳ ಮನೆಯಿಂದ ಅಜ್ಜಿಯ ಕಾಲದ ಕಲ್ಲುಮರಿಗೆ ಬಂತು, ತಳದ ಒಂದು ಮೂಲೆಯಲ್ಲಿ ಮಾತ್ರ ಗೀರಲು ಅನುಮತಿ. ಅದರಲ್ಲಿರುವ ತಾಲ್ಕ್ ಎಂಬ ಖನಿಜವೇ ಮೆತ್ತಗಿನದು. ಬೇಲೂರು, ಹಳೇಬೀಡಿನ ಶಿಲ್ಪಿಗಳು ಆರಿಸಿಕೊಂಡದ್ದು ಇದೇ ಜಾತಿಯ ಕಲ್ಲು, ಹಾಗಾಗಿಯೇ ಅಷ್ಟು ಸೂಕ್ಷ್ಮ ಕೆತ್ತನೆ ಕೂಡಿಬಂತು. ಬಳಪ ತಿನ್ನುವ ಚಟದವರು ತರಗತಿಯಲ್ಲಿ ಯಾರ್ಯಾರಿದ್ದಾರೆ ಎನ್ನುವುದೂ ಆವತ್ತೇ ಬಯಲಾಯಿತು. ಯಾವ ಕಲ್ಲನ್ನೂ ಬಾಯಿಗಿಡಬಾರದು ಎಂಬ ನಿಯಮ ಗೋಡೆಗೆ ಹತ್ತಿದ್ದು ಹಾಗೆ.

ಸೆಪ್ಟೆಂಬರ್

ಇಡೀ ವರ್ಷದಲ್ಲಿ ಮಕ್ಕಳು ಬಿಡದೆ ಹಿಡಿದುಕೊಂಡದ್ದು ಒರೆ ಪರೀಕ್ಷೆ. ಅಕ್ಕಸಾಲಿಯ ಒರೆಗಲ್ಲನ್ನು ಬಹುತೇಕರು ನೋಡಿದ್ದಾರೆ, ಕೆಲಸ ಅದೇ ರೀತಿಯದು. ನೆಲಕ್ಕೆ ಹಾಕುವ ಟೈಲಿನ ಹಿಂಬದಿ, ಹೊಳಪಿಲ್ಲದ ಬಿಳಿ ಮುಖ, ಅದರ ಮೇಲೆ ಕಲ್ಲನ್ನು ಎಳೆದು ಪುಡಿಯ ಬಣ್ಣ ನೋಡುವುದು.

ಕಬ್ಬಿಣದ ಅದಿರಿನ ತುಂಡು ಕಣ್ಣಿಗೆ ಉಕ್ಕಿನ ಬಣ್ಣ. ಟೈಲಿನ ಮೇಲೆ ಎಳೆದರೆ ಕಡುಗೆಂಪು ಗೆರೆ. "ಸಾ, ಇದು ಗುಡಿ ಗೋಡೆಗೆ ಬಳಿಯೋ ಕೆಮ್ಮಣ್ಣು ಇದ್ದಂಗೇ ಐತೆ" ಎಂದಳು ಆರನೇ ತರಗತಿಯವಳು. ಇದ್ದ ಹಾಗೆ ಅಲ್ಲ, ಅದೇ. ಕೆಮ್ಮಣ್ಣಿಗೆ ಬಣ್ಣ ಕೊಡುವುದು ಹೆಮಟೈಟ್, ಈ ಅದಿರಿನಲ್ಲಿರುವುದೂ ಹೆಮಟೈಟ್. ಇನ್ನೊಂದು ಕಪ್ಪು ಕಲ್ಲು ಕಪ್ಪು ಗೆರೆಯನ್ನೇ ಬಿಟ್ಟು ಬೆರಳಿಗೂ ಮಸಿ ಹಚ್ಚಿತು, ಅಯಸ್ಕಾಂತಕ್ಕೆ ಅಂಟಲಿಲ್ಲ. ಅದು ಮ್ಯಾಂಗನೀಸ್ ಅದಿರು. ಟಾರ್ಚಿನ ಸಾಧಾರಣ ಸೆಲ್ಲಿನೊಳಗಿರುವ ಕರಿ ಪುಡಿಯಲ್ಲೂ ಮ್ಯಾಂಗನೀಸ್ ಇದೆ. ಅಯಸ್ಕಾಂತಕ್ಕೆ ಅಂಟಿದ್ದು ಮ್ಯಾಗ್ನಟೈಟ್. ಮಳೆ ನಿಂತ ಮೇಲೆ ಚರಂಡಿಯ ಪಕ್ಕ ಗೆರೆಗಟ್ಟಿದ ಕರಿ ಮರಳಿನ ಮೇಲೆ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಅಯಸ್ಕಾಂತ ಆಡಿಸಿದರೆ ಇದು ಬೇಕಾದಷ್ಟು ಸಿಗುತ್ತದೆ.

ಮೊದಲು ತಾಮ್ರದ ಅದಿರು ತೆಗೆಯುತ್ತಿದ್ದ ಇಂಗಳದಾಳ್ ಕಡೆಯಿಂದ ಹಳದಿ ಮಿಂಚಿನ ತುಂಡೊಂದು ಬಂತು. ಚಿನ್ನವೆಂದೇ ಗಲಾಟೆ. ಟೈಲಿನ ಮೇಲೆ ಹಸಿರು ಛಾಯೆಯ ಕಪ್ಪು ಗೆರೆ ಬಿತ್ತು, ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಕುಟ್ಟಿದರೆ ಪುಡಿಯಾಯಿತು. ಚಿನ್ನವಾಗಿದ್ದರೆ ಗೆರೆಯೂ ಹಳದಿ, ಕುಟ್ಟಿದರೆ ಚಪ್ಪಟೆಯಾಗುತ್ತಿತ್ತು. ಇದು ಪೈರೈಟ್, ಕಬ್ಬಿಣ ಮತ್ತು ಗಂಧಕ ಸೇರಿದ್ದು. ತಂದವನಿಗೆ ಬೇಸರವಾಯಿತು. ಆದರೆ ಅದು ಚಿನ್ನ ಅಲ್ಲವೆಂದು ನಾನು ಹೇಳಲಿಲ್ಲ, ಟೈಲು ಹೇಳಿತು. ನನಗೆ ಬೇಕಾಗಿದ್ದದ್ದೂ ಅದೇ.

ಅಕ್ಟೋಬರ್

ನಿಂಬೆಹಣ್ಣು. ಕ್ಯಾಲ್ಸಿಯಂ ಕಾರ್ಬೊನೇಟ್ ಇರುವ ಕಲ್ಲಿನ ಮೇಲೆ ಹುಳಿ ಬಿದ್ದರೆ ಗುಳ್ಳೆ ಏಳುತ್ತದೆ, ಅದು ಇಂಗಾಲದ ಡೈಆಕ್ಸೈಡ್. ಎರೆಹೊಲದಲ್ಲಿ ಆಯ್ದ ಸುಣ್ಣದ ಹರಳು ಕೂಡಲೇ ನೊರೆಯಿತು. ಶಹಾಬಾದ್ ಕಲ್ಲು, ಕಡಪ ಕಲ್ಲು, ಅಮೃತಶಿಲೆ ನಿಧಾನ. ಪುಡಿ ಮಾಡಿ ಹಾಕಿದರೆ ಚೆನ್ನಾಗಿ ಕಾಣುತ್ತದೆ. ಕಡಪ ಕಲ್ಲಿನ ಕಟ್ಟೆ ಇರುವ ಮನೆಯ ತಾಯಂದಿರಿಗೆ ಈ ಪಾಠ ಬೇಕಿಲ್ಲ, ನಿಂಬೆರಸ ಚೆಲ್ಲಿದ ಕಡೆ ಹೊಳಪು ಹೋಗಿರುವುದು ಅವರಿಗೆ ಗೊತ್ತು. ಗ್ರಾನೈಟಿನ ಮೇಲೆ ಒಂದು ಗುಳ್ಳೆಯೂ ಇಲ್ಲ.

ಸೀಮೆಸುಣ್ಣಕ್ಕೂ ಹಾಕಿ ನೋಡೋಣ ಎಂದರು. ಸುಣ್ಣ ಎಂಬ ಹೆಸರೇ ಇದೆಯಲ್ಲ, ಗುಳ್ಳೆ ಗ್ಯಾರಂಟಿ ಎಂದು ಎಲ್ಲರೂ ಕೈ ಎತ್ತಿದ್ದರು. ಅಗ್ಗದ ಸೀಮೆಸುಣ್ಣ ಹುಳಿಯನ್ನು ಸುಮ್ಮನೆ ಹೀರಿಕೊಂಡಿತು. ಅದು ಜಿಪ್ಸಮ್, ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಧೂಳು ಬಾರದ ಜಾತಿಯದು ಬುಸುಗುಟ್ಟಿತು, ಅದು ಕಾರ್ಬೊನೇಟ್. ಎರಡು ಬಿಳಿ ಕಡ್ಡಿ, ಎರಡು ಬೇರೆ ಖನಿಜ. ಬಣ್ಣ ನೋಡಿ ಗುಂಪು ಮಾಡಬೇಡಿ ಎಂದು ಜೂನಿನಿಂದ ಹೇಳುತ್ತಿದ್ದದ್ದು ಆವತ್ತು ಕಿವಿಗೆ ಬಿದ್ದ ಹಾಗಾಯಿತು.

ದಸರಾ ರಜೆಗೆ ಊರೂರಿಗೆ ಹೋದವರು ಬರುವಾಗ ಕಲ್ಲು ತಂದರು. ಸಾಗರದಿಂದ ಜಂಬಿಟ್ಟಿಗೆ, ಬಾದಾಮಿಯಿಂದ ಮರಳುಗಲ್ಲು (ಊರ ಹೊರಗೆ ಬಿದ್ದಿದ್ದದ್ದು, ಗುಹೆಯದಲ್ಲ, ಕೇಳಿ ಖಾತ್ರಿ ಮಾಡಿಕೊಂಡೆ). ಇವಕ್ಕೆ ಬೇರೆ ಟ್ರೇ.

ನವೆಂಬರ್

ಐದನೇ ತರಗತಿಯ ಹುಡುಗಿಯೊಬ್ಬಳ ತಂದೆ ಕಲ್ಲಿನ ಕ್ವಾರಿಯಲ್ಲಿ ದುಡಿಯುವವರು. ಒಂದು ಮಧ್ಯಾಹ್ನ ಚಾಣ, ಸುತ್ತಿಗೆ ಹಿಡಿದು ಬಂದರು. ಮೊದಲು ದಿಂಡಿನ ಮೇಲೆ ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟರು: ಖಣ್ ಎಂದರೆ ಗಟ್ಟಿ, ದೊಬ್ ಎಂದರೆ ಒಳಗೆ ಬಿರುಕು. ಆಮೇಲೆ ಒಂದೇ ಗೆರೆಯಲ್ಲಿ ಸಣ್ಣ ಗುಳಿಗಳನ್ನು ಕೊರೆದು, ಬೆಣೆ ಇಟ್ಟು, ಸರದಿಯ ಮೇಲೆ ಒಂದೊಂದಕ್ಕೂ ಪೆಟ್ಟು. ಕಲ್ಲು ನೇರವಾಗಿ ಸೀಳಿತು. "ಇದ್ರಾಗೆ ಸೀಳೋ ದಿಕ್ಕು ಒಂದಿರ್ತೈತೆ, ಅದು ಬಿಟ್ಟು ಹೊಡದ್ರೆ ಕಲ್ಲು ನಮ್ಮ ಮಾತು ಕೇಳಲ್ಲ" ಎಂದರು. ಮಕ್ಕಳನ್ನು ದೂರ ಕೂರಿಸಿ ಕಲ್ಲಿಗೆ ನೀರು ಚಿಮುಕಿಸುತ್ತಿದ್ದದ್ದು ಯಾಕೆಂದು ಕೇಳಿದ್ದಕ್ಕೆ, ಧೂಳು ಎದೆಗೆ ಹೋಗಬಾರದು ಎಂದಷ್ಟೇ ಹೇಳಿದರು. ಬೆಣಚಿನ ಧೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್ ಬರುತ್ತದೆ. ಕಲ್ಲಿನ ಪಾಠದಲ್ಲಿ ಕಲ್ಲು ಒಡೆಯುವವರ ಈ ಸಂಗತಿ ಸೇರದಿದ್ದರೆ ಅದು ಅರ್ಧ ಪಾಠ ಎಂದು ನನ್ನ ಅನಿಸಿಕೆ.

ಸೂಟ್‌ಕೇಸ್ ತೂಗುವ ಡಿಜಿಟಲ್ ತಕ್ಕಡಿಗೆ ಕಲ್ಲನ್ನು ದಾರದಲ್ಲಿ ನೇತುಹಾಕಿ, ಒಮ್ಮೆ ಗಾಳಿಯಲ್ಲಿ, ಒಮ್ಮೆ ಬಕೆಟ್ ನೀರಿನಲ್ಲಿ ಮುಳುಗಿಸಿ ತೂಗಿದೆವು. ಗ್ರಾನೈಟ್ 540 ಗ್ರಾಂ ಇದ್ದದ್ದು ನೀರಿನಲ್ಲಿ 340. ಕಡಿಮೆಯಾದದ್ದು 200, 540ನ್ನು ಅದರಿಂದ ಭಾಗಿಸಿದರೆ 2.7. ಅದೇ ಕಲ್ಲಿನ ಸಾಂದ್ರತೆ, ಅಂದರೆ ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎನ್ನುವ ಲೆಕ್ಕ. ಬೆಣಚು, ಹೆಮಟೈಟ್ ಪಟ್ಟೆ ಪಟ್ಟೆಯಾಗಿರುವ ಕಬ್ಬಿಣದ ಕಲ್ಲು 520, ನೀರಿನಲ್ಲಿ 390, ಭಾಗಿಸಿದರೆ 4. ಬೆಣಚಿನ ಸಾಂದ್ರತೆ 2.65, ಹೆಮಟೈಟಿನದು ಸುಮಾರು 5.2. ಹಾಗಾದರೆ ಈ ಕಲ್ಲಿನಲ್ಲಿ ಎರಡೂ ಹೆಚ್ಚುಕಡಿಮೆ ಅರ್ಧರ್ಧ ಎಂದು ಗಣಿತದಲ್ಲಿ ಹಿಂದಿರುವ ಹುಡುಗನೇ ಮೊದಲು ಹೇಳಿದ.

ಡಿಸೆಂಬರ್

ಪ್ರವಾಸ. ಕೋಟೆಯಲ್ಲೂ ಮರಡಿಹಳ್ಳಿಯಲ್ಲೂ ಸುತ್ತಿಗೆ ಇಲ್ಲ, ಒಂದು ಚೂರೂ ತರುವಂತಿಲ್ಲ, ಭೂತಗನ್ನಡಿ ಮತ್ತು ಪುಸ್ತಕ ಮಾತ್ರ. ಕೋಟೆಯ ಬಂಡೆಗಳು ಸುಮಾರು 260 ಕೋಟಿ ವರ್ಷದ ಗ್ರಾನೈಟ್. ಓಬವ್ವನ ಕಿಂಡಿಯ ಹತ್ತಿರ ಎಲ್ಲರಿಗೂ ಕಥೆ ಗೊತ್ತಿತ್ತು, ಆ ಕಿಂಡಿಯ ಕಲ್ಲನ್ನು ಕನ್ನಡಿ ಹಿಡಿದು ನೋಡಿದ್ದು ಮಾತ್ರ ಇದೇ ಮೊದಲು.

ಮರಡಿಹಳ್ಳಿಯ ದಿಂಬು ಲಾವಾವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ನೀರಿನಡಿ ಉಕ್ಕಿದ ಲಾವಾದ ಹೊರಮೈ ತಣ್ಣೀರು ತಾಗಿದೊಡನೆ ಗಟ್ಟಿಯಾಗುತ್ತದೆ, ಒಳಗಿನ ಬಿಸಿ ಅದನ್ನು ಒಡೆದು ಮುಂದೆ ಇನ್ನೊಂದು ಉಂಡೆಯಾಗಿ ಹೊರಬರುತ್ತದೆ, ಹೀಗೆ ಒಂದರ ಮೇಲೊಂದು. ಮೇಲೆ ಕೂತ ದಿಂಬು ಇನ್ನೂ ಮೆತ್ತಗಿರುವುದರಿಂದ ಕೆಳಗಿನ ಎರಡರ ಸಂದಿಗೆ ಇಳಿದು ಚೂಪಾದ ಬಾಲ ಬಿಡುತ್ತದೆ, ನೆತ್ತಿ ಉಬ್ಬಿಕೊಂಡೇ ಇರುತ್ತದೆ. ಬಾಲ ಎತ್ತ ಇದೆಯೋ ಅತ್ತ ಆ ಕಾಲದ ಕೆಳಗು. ಇಷ್ಟು ಹೇಳಿಕೊಟ್ಟು ಬಿಟ್ಟೆ. ಯಾವ ಕಡೆ ಮೇಲು ಎಂದು ಒಂದೊಂದು ಗುಂಪೂ ಬಾಣದ ಗುರುತು ಹಾಕಿಕೊಂಡು ಚಿತ್ರ ಬಿಡಿಸಿತು, ಊಟದ ಹೊತ್ತು ಮೀರಿದರೂ ಏಳಲಿಲ್ಲ. ಇಲ್ಲಿ ನೀರಿತ್ತಾ ಎನ್ನುವುದೇ ಬಯಲುಸೀಮೆಯ ಮಕ್ಕಳಿಗೆ ದೊಡ್ಡ ಸುದ್ದಿ. ಡೈನೋಸಾರ್ ಮೂಳೆ ಸಿಗುತ್ತದಾ ಎಂಬ ಪ್ರಶ್ನೆ ಬಂದೇ ಬಂತು. ಡೈನೋಸಾರ್‌ಗಳು ಅಳಿದದ್ದು 6.6 ಕೋಟಿ ವರ್ಷದ ಹಿಂದೆ, ಈ ಲಾವಾ ಹರಿದದ್ದು 250 ಕೋಟಿ ವರ್ಷಕ್ಕೂ ಹಿಂದೆ. ಆಗ ಭೂಮಿಯ ಮೇಲೆ ಮೂಳೆ ಇರುವ ಪ್ರಾಣಿಯೇ ಇರಲಿಲ್ಲ.

ಜನವರಿ

ಗ್ರಾನೈಟಿನ ಕಣ ದಪ್ಪ, ಕರಿಕಲ್ಲಿನದು ಸಣ್ಣ, ಯಾಕೆ? ಪಟಿಕವನ್ನು ಬಿಸಿ ನೀರಿನಲ್ಲಿ ಕರಗುವಷ್ಟೂ ಕರಗಿಸಿ, ಅರ್ಧವನ್ನು ಅಗಲವಾದ ಸ್ಟೀಲ್ ತಟ್ಟೆಗೆ, ಅರ್ಧವನ್ನು ಚಹಾದ ಫ್ಲಾಸ್ಕಿಗೆ ಹಾಕಿದೆವು. ತಟ್ಟೆಯಲ್ಲಿ ರವೆಯಂತಹ ಹರಳು, ಫ್ಲಾಸ್ಕಿನಲ್ಲಿ ಮರುದಿನ ಮುಖಗಳು ಎಣಿಸಲು ಬರುವಷ್ಟು ದೊಡ್ಡವು. ನೆಲದಾಳದಲ್ಲಿ ನಿಧಾನವಾಗಿ ಆರಿದ್ದು ಯಾವುದು, ಬಿರುಕಿನಲ್ಲಿ ಬೇಗ ಆರಿದ್ದು ಯಾವುದು ಎಂದು ಬೋರ್ಡಿನ ಮೇಲೆ ಅವರೇ ಬರೆದರು. ಅಗ್ನಿಶಿಲೆ ಎಂಬ ಗುಂಪನ್ನು ತರಗತಿಯಲ್ಲಿ ಹೆಸರಿಸಿದ್ದು ಈ ದಿನವೇ.

ಈಗಿನ ಸ್ಥಿತಿ: ಬಹುಪಾಲು ಕಲ್ಲುಗಳ ಎದುರು ಹೆಸರು ಬಂದಿದೆ, ಕೆಲವಕ್ಕೆ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ. ಹಸಿರುಗಪ್ಪು ಕಲ್ಲಿನ ಬಗ್ಗೆ ಎರಡು ಗುಂಪುಗಳ ಜಗಳ ಮುಗಿದಿಲ್ಲ. ಗಾಜನ್ನು ಕಷ್ಟಪಟ್ಟು ಗೀರುತ್ತದೆ, ಗುಳ್ಳೆ ಇಲ್ಲ, ಸಾಂದ್ರತೆ 3ರ ಹತ್ತಿರ. ಫೆಬ್ರವರಿಯಲ್ಲಿ ಅದರ ಒಂದು ಚೂರನ್ನು ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ಒಯ್ದು ತೆಳ್ಳಗೆ ಅರೆಸಿ ನೋಡಬೇಕು. ಹಳೆಯ ಪೆಟ್ಟಿಗೆಯ ಚೀಟಿಗಳನ್ನೆಲ್ಲ ಕಿತ್ತು ಅವಕ್ಕೂ ಇದೇ ಪರೀಕ್ಷೆ ಮಾಡಬೇಕೆಂದು ಆರನೇ ತರಗತಿಯವರ ಬೇಡಿಕೆ. ಹೆಡ್‌ಮಾಸ್ಟರ ಒಪ್ಪಿಗೆ ಕೇಳಿದ್ದೇನೆ.