ಟೆಸ್ಟ್ ಒಬ್ಬರಿಗೆ, ಟಿಕೆಟ್ ನಾಲ್ಕು ಯಾಕೆ?

ನಾವಿರುವುದು ಹೊರದೇಶದ ಒಂದು ಚಿಕ್ಕ ಊರಿನಲ್ಲಿ. ಆರು ತಿಂಗಳಿಗೊಮ್ಮೆ ಇವರಿಗೆ ಸ್ಕ್ಯಾನ್ ಆಗಬೇಕು. ಅದು ಇಲ್ಲಿ ಆಗುವುದಿಲ್ಲ, ಇನ್ನೊಂದು ದೇಶಕ್ಕೆ ಹಾರಬೇಕು. ಹೋಗುವಾಗ ನಾಲ್ಕೂ ಜನ ಹೊರಡುತ್ತೇವೆ. ಆಗ ಫೋನಿನಲ್ಲಿ ಒಬ್ಬರಲ್ಲ ಒಬ್ಬರು ಕೇಳಿಯೇ ಕೇಳುತ್ತಾರೆ: "ಟೆಸ್ಟ್ ಇರೋದು ಅವರಿಗೆ. ಅವರೊಬ್ಬರೇ ಹೋಗಿ ಬರಬಾರದಾ? ಮಕ್ಕಳಿಗೆ ಸ್ಕೂಲು ತಪ್ಪಿಸಿ, ಅಷ್ಟು ದುಡ್ಡು ಸುರಿದು, ಎಲ್ಲರೂ ಯಾಕೆ?"

"ಕುಟುಂಬ ಅಂದಮೇಲೆ ಜೊತೆಗಿರಬೇಕಲ್ವಾ" ಅಂತ ಉತ್ತರ ಕೊಟ್ಟರೆ ಕೇಳುವವರಿಗೆ ಖುಷಿ. ಆದರೆ ಶುರುವಾಗಿದ್ದು ಹಾಗಲ್ಲ. ಮಕ್ಕಳನ್ನು ಬಿಟ್ಟು ಹೋಗೋಕೆ ನಮಗಿಲ್ಲಿ ಯಾರೂ ಇಲ್ಲ, ಅಷ್ಟೇ. ಒಂದು ಸಲ ಇವರಿಗೆ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳು ನೋಡುವ ಟೆಸ್ಟ್ ಇತ್ತು. ಮಂಪರಿನ ಔಷಧಿ ಕೊಟ್ಟು ಮಾಡುತ್ತಾರೆ. ಜೊತೆಗೆ ದೊಡ್ಡವರೊಬ್ಬರು ಇಲ್ಲದಿದ್ದರೆ ಮನೆಗೆ ಕಳಿಸುವುದಿಲ್ಲ ಅಂದರು. 24 ಗಂಟೆ ಗಾಡಿ ಓಡಿಸುವಂತಿಲ್ಲ, ಮುಖ್ಯ ಕಾಗದಕ್ಕೆ ಸಹಿ ಹಾಕುವಂತಿಲ್ಲ. ಅಂದರೆ ನಾನು ಹೋಗಲೇಬೇಕು. ನಾನು ಹೋದರೆ ಮಕ್ಕಳೂ ಬರಬೇಕು. ನಾಲ್ಕು ಟಿಕೆಟ್ ಆಗಿದ್ದು ಹೀಗೆ.

"ಸ್ಕ್ಯಾನಿಗೆ ಮಂಪರು ಬೇಡವಲ್ಲ, ಆವಾಗ?" ಅಂತ ಕೇಳಬಹುದು. ಅದಕ್ಕೆ ಒಂದು ಸಲ ಇವರೊಬ್ಬರೇ ಹೋಗಿದ್ದರು. ಮಕ್ಕಳಿಗೆ ಆಫೀಸ್ ಕೆಲಸ ಅಂತ ಸುಳ್ಳು ಹೇಳಿದ್ದೆವು. ಮೂರು ದಿನ ಮಗಳು ಏನೂ ಕೇಳಲಿಲ್ಲ. ನಾಲ್ಕನೇ ದಿನ ತಲೆ ಬಾಚಿಸಿಕೊಳ್ಳುತ್ತಾ, ಕನ್ನಡಿ ನೋಡಿಕೊಂಡೇ, "ಅಮ್ಮಾ, ಆಫೀಸ್ ಕೆಲಸಕ್ಕೆ ಅಪ್ಪ ನೀಲಿ ಫೈಲ್ ಯಾಕೆ ತಗೊಂಡು ಹೋದರು?" ಅಂದಳು. ಇವರ ರಿಪೋರ್ಟುಗಳೆಲ್ಲ ಇರುವುದು ಆ ಫೈಲಿನಲ್ಲೇ. ಮೂರು ದಿನ ಅವಳು ಒಬ್ಬಳೇ ಏನೇನು ಯೋಚನೆ ಮಾಡಿದ್ದಳೋ. ನಾನು ಬಾಚಣಿಗೆ ಹಿಡಿದುಕೊಂಡು ಸುಮ್ನೆ ನಿಂತುಬಿಟ್ಟೆ. ಆಮೇಲೆ ಇವರನ್ನು ಒಬ್ಬರೇ ಕಳಿಸಿಲ್ಲ.

ಇದು ಪೆಟ್ ಸ್ಕ್ಯಾನ್. ಇಲ್ಲಿ ಯಾಕೆ ಆಗುವುದಿಲ್ಲ ಅನ್ನುವುದಕ್ಕೂ ಕಾರಣ ಇದೆ. ಇದರಲ್ಲಿ ವಿಕಿರಣ ಸೂಸುವ ಫ್ಲೋರಿನ್-18 ಸೇರಿಸಿದ ಸಕ್ಕರೆಯಂಥ ಔಷಧಿಯನ್ನು ರಕ್ತಕ್ಕೆ ಚುಚ್ಚುತ್ತಾರೆ. ಸಕ್ಕರೆಯನ್ನು ಜಾಸ್ತಿ ಎಳೆದುಕೊಳ್ಳುವ ಜಾಗ ಸ್ಕ್ಯಾನಿನಲ್ಲಿ ಎದ್ದು ಕಾಣುತ್ತದೆ. ಆದರೆ ಆ ಫ್ಲೋರಿನ್ ಸುಮಾರು 110 ನಿಮಿಷಕ್ಕೊಮ್ಮೆ ಅರ್ಧ ಆಗುತ್ತಾ ಹೋಗುತ್ತದೆ. ಸೈಕ್ಲೋಟ್ರಾನ್ ಅನ್ನೋ ಯಂತ್ರದಲ್ಲಿ ತಯಾರಿಸಿ, ಕೆಲವೇ ಗಂಟೆಗಳಲ್ಲಿ ತಂದು ಚುಚ್ಚಿಬಿಡಬೇಕು. ತಂದು ಶೇಖರಿಸಿಡುವ ಮಾತೇ ಇಲ್ಲ. ಹಾಗಾಗಿ ಔಷಧಿ ನಮ್ಮ ಹತ್ತಿರ ಬರುವುದಿಲ್ಲ, ನಾವೇ ಅದರ ಹತ್ತಿರ ಹೋಗುತ್ತೇವೆ.

ಹಿಂದಿನ ದಿನ ಓಡುವುದು, ಭಾರ ಎತ್ತುವುದು ಬೇಡ ಅನ್ನುತ್ತಾರೆ. ದುಡಿದ ಸ್ನಾಯುಗಳೂ ಆ ಸಕ್ಕರೆಯನ್ನು ಹೀರಿಕೊಂಡು ಚಿತ್ರ ಕೆಡಿಸುತ್ತವಂತೆ. ಐದು ವರ್ಷದ ನಮ್ಮ ಮಗನಿಗೆ ಹೋಟೆಲ್ ರೂಮಿನಲ್ಲಿ ಬೇಕಿರುವುದು ಅಪ್ಪನ ಹೆಗಲು ಮಾತ್ರ. ಆ ದಿನ ನಾನೇ ಕುದುರೆ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋದರು. ಇಂಜೆಕ್ಷನ್ ಕೊಟ್ಟಿದ್ದು ಹತ್ತಕ್ಕೆ. ಅದಾದ ಮೇಲೆ ಒಂದು ಗಂಟೆ ಮಾತಿಲ್ಲದೆ ಮಲಗಿರಬೇಕು, ಆಮೇಲೆ ಸ್ಕ್ಯಾನ್. ಹೊರಬಂದಾಗ ಕೈಯಲ್ಲೊಂದು ಚೀಟಿ: ಸಂಜೆವರೆಗೆ ಚಿಕ್ಕ ಮಕ್ಕಳು, ಬಸುರಿಯರಿಂದ ದೂರ ಇರಿ. ಜೊತೆಗಿರೋಣ ಅಂತ ಅಷ್ಟು ದೂರ ಹೋಗಿ, ಆ ದಿನ ಎರಡು ರೂಮು ಮಾಡಿದ್ದೆವು, ನೋಡಿ.

ಮಗ ಕಾರಿಡಾರಿನ ಈ ತುದಿ, ಅಪ್ಪ ಆ ತುದಿ. "ಅಪ್ಪ ರಾತ್ರಿ ಹೊಳೀತಾರಾ?" ಅಂತ ಕೇಳಿದ. ಮಗಳು ಹೋಟೆಲಿನ ಪುಟ್ಟ ಪ್ಯಾಡ್ ತೆಗೆದುಕೊಂಡು ಲೆಕ್ಕಕ್ಕೆ ಕೂತಳು. 11.50ಕ್ಕೆ ಅರ್ಧ. 1.40ಕ್ಕೆ ಕಾಲು. 3.30ಕ್ಕೆ ಎಂಟರಲ್ಲಿ ಒಂದು. 5.20ಕ್ಕೆ ಹದಿನಾರರಲ್ಲಿ ಒಂದು. ಉಚ್ಚೆಯಲ್ಲೂ ಹೋಗುತ್ತದೆ ಅಂತ ನಾನಂದಿದ್ದೇ ತಪ್ಪಾಯಿತು. ಮಗ ಬಾಗಿಲಾಚೆಯಿಂದ "ಅಪ್ಪಾ, ನೀರು ಕುಡಿ! ಸೂಸು ಮಾಡು!" ಅಂತ ಕೂಗುತ್ತಲೇ ಇದ್ದ. ಪಕ್ಕದ ರೂಮಿನವರು ಏನಂದುಕೊಂಡರೋ. 7.10ರ ಸಾಲಿಗೆ ಗೀಟು ಹೊಡೆದು ಅವಳು "ಸಾಕು, ಹೋಗು" ಅಂದಳು. ಅವನು ಚಪ್ಪಲಿಯೂ ಹಾಕದೆ ಓಡಿದ.

ರಿಪೋರ್ಟ್ ಬರಲು ಇನ್ನೂ ಎರಡು ದಿನ ಇತ್ತು. ಆ ಎರಡು ದಿನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಕ್ಕಳ ಬಟ್ಟೆ, ಜಗಳ, ಹಸಿವು ಇದ್ದುದರಿಂದ ಹೊತ್ತು ಹೋಯಿತು.

ಇಂಥ ಪ್ರಯಾಣ ಮಾಡುವವರಿಗೆ ಎರಡು ಮಾತು. ಬರೀ ರಿಪೋರ್ಟ್ ತಗೊಂಡು ಬರಬೇಡಿ, ಸ್ಕ್ಯಾನಿನ ಚಿತ್ರಗಳಿರುವ ಸಿಡಿಯನ್ನೂ ಕೇಳಿ. ಮುಂದಿನ ಸಲ ಡಾಕ್ಟರು ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡೇ ಹೊಸದನ್ನು ನೋಡುವುದು. ಮತ್ತೆ, ಟ್ರಾವೆಲ್ ಇನ್ಶೂರೆನ್ಸ್ ನಂಬಿಕೊಂಡು ಹೊರಡಬೇಡಿ. ಮೊದಲೇ ಗೊತ್ತುಮಾಡಿಕೊಂಡು ಹೋಗುವ ಟೆಸ್ಟಿನ ಖರ್ಚನ್ನು ಸಾಮಾನ್ಯವಾಗಿ ಅದು ಕೊಡುವುದಿಲ್ಲ.

ಮುಂದಿನ ಸ್ಕ್ಯಾನ್ ಮಗಳ ಪರೀಕ್ಷೆಯ ವಾರದಲ್ಲೇ ಬಿದ್ದಿದೆ. ಅವಳ ಗೆಳತಿಯ ಮನೆಯವರು, "ನಮ್ಮಲ್ಲಿ ಇರಲಿ ಬಿಡಿ" ಅಂದಿದ್ದಾರೆ. ಮೂರು ಟಿಕೆಟ್ ಸಾಕು ಅಂತ ಇವರು. "ಹಾಗಾದರೆ ನೀಲಿ ಫೈಲ್ ನನ್ನ ಹತ್ತಿರವೇ ಇರುತ್ತೆ, ಅದು ಹೇಗೆ ಹೋಗ್ತೀರೋ ಹೋಗಿ" ಅಂತ ಅವಳು. ಟಿಕೆಟ್ ಇನ್ನೂ ಬುಕ್ ಆಗಿಲ್ಲ.