ಬಲಗಡೆ ಜೇಬು

ನಮ್ಮ ಕೊಬ್ಬರಿ ಮಂಡಿಯಲ್ಲಿ ಸ್ಯಾಂಪಲ್ ತೂಗಲು ಒಂದು ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಒಂದು ಭಾನುವಾರ ಹಮಾಲರು ಯಾರೂ ಇರಲಿಲ್ಲ. ಬಾಗಿಲು ಅರ್ಧ ಎಳೆದುಕೊಂಡು, ಗುಂಡೆಲ್ಲ ತೆಗೆದು, ನನ್ನ ಪಿಸ್ತೂಲನ್ನು ಅದರ ಮೇಲಿಟ್ಟೆ. ಅರ್ಧ ಕಿಲೋ. ಆಮೇಲೆ ಅದನ್ನು ತೆಗೆದು ಕೊಬ್ಬರಿ ಗಿಟುಕು ಒಂದೊಂದೇ ಇಟ್ಟೆ. ನಾಲ್ಕನೆಯದಕ್ಕೆ ಹೆಚ್ಚೂಕಮ್ಮಿ ಅದೇ ತೂಕ ಬಂತು. ಪ್ಯಾಂಟಿನ ಬಲಗಡೆ ಜೇಬಲ್ಲಿ ನಾಲ್ಕು ಗಿಟುಕು ಹಾಕಿಕೊಂಡು ಒಂದು ದಿನ ತಿಪಟೂರು ಪೇಟೆ ಸುತ್ತಿ ನೋಡಿ. ನಾನು ಮುಂದೆ ಹೇಳುವುದೆಲ್ಲ ಆಗ ಸುಲಭವಾಗಿ ಅರ್ಥ ಆಗುತ್ತದೆ.

ಪಿಸ್ತೂಲು ಅಂತ ಬರೆದೆ. ಸರಿಯಾಗಿ ಹೇಳಬೇಕೆಂದರೆ ಅದು ರಿವಾಲ್ವರ್, ಆರು ಗುಂಡಿನದು, .32 ಬೋರ್. ನಮ್ಮ ಕಡೆ ಉದ್ದ ಇದ್ದರೆ ಬಂದೂಕು, ಗಿಡ್ಡ ಇದ್ದರೆ ಪಿಸ್ತೂಲು. ಅಷ್ಟೇ ಲೆಕ್ಕ.

ಇದು ನನ್ನ ಜೇಬಿಗೆ ಬಂದದ್ದು ಸಿನಿಮಾ ನೋಡಿ ಅಲ್ಲ. 2012ರಲ್ಲಿ ಮಂಡಿಯಿಂದ ದುಡ್ಡು ತೆಗೆದುಕೊಂಡು ತೋಟದ ಮನೆಗೆ ಹೋಗುತ್ತಿದ್ದೆ. ಕೆರೆ ಏರಿ ತಿರುವಿನಲ್ಲಿ ಬೈಕಿನ ಮೇಲೆ ಇಬ್ಬರು ಬಂದರು. ಒಬ್ಬ ಮಚ್ಚು ತೋರಿಸಿದ. ಬ್ಯಾಗ್ ಕೊಟ್ಟೆ. ಇಡೀ ವಿಷಯ ಒಂದು ನಿಮಿಷವೂ ಆಗಲಿಲ್ಲ. ದುಡ್ಡು ಹೋದದ್ದಕ್ಕಿಂತ, ಆಮೇಲೆ ಮೂರು ತಿಂಗಳು ಹಿಂದೆ ಬೈಕ್ ಸದ್ದು ಕೇಳಿದರೆ ಗಾಡಿ ನಿಲ್ಲಿಸುತ್ತಿದ್ದೆನಲ್ಲ, ಅದೇ ಜಾಸ್ತಿ ಬೇಜಾರು. ಅರ್ಜಿ ಹಾಕಿದೆ. ಪೊಲೀಸ್ ವಿಚಾರಣೆ, ಆಸ್ತಿ ಪತ್ರ, ಅದು ಇದು ಅಂತ ಓಡಾಡಿ ಕೊನೆಗೆ ಲೈಸೆನ್ಸ್ ಪುಸ್ತಕ ಕೈಗೆ ಬಂತು.

ಮೊದಲು ತಂದದ್ದು ಉಕ್ಕಿನ ಪಿಸ್ತೂಲು. ಮ್ಯಾಗಜಿನ್ ತುಂಬಿದರೆ ಮುಕ್ಕಾಲು ಕಿಲೋ ಹತ್ತಿರ. ಒಂದು ತಿಂಗಳು ಸೊಂಟಕ್ಕೆ ಕಟ್ಟಿಕೊಂಡು ಓಡಾಡಿದೆ. ಬೆಲ್ಟು ಒಂದು ಕಡೆ ಜಗ್ಗಿ, ಬೆನ್ನು ನೋವು ಶುರುವಾಯಿತು. ಸ್ಕೂಟರ್ ಮೇಲೆ ಕೂತರೆ ಹೊಟ್ಟೆಗೆ ಒತ್ತುತ್ತಿತ್ತು. ಎರಡನೇ ತಿಂಗಳಲ್ಲಿ ಅದು ಬೀರುವಿನೊಳಗೆ ಹೋಯಿತು. ಕೆರೆ ಏರಿ ತಿರುವಿನಲ್ಲಿ ನಾನು, ಬೀರುವಿನಲ್ಲಿ ಪಿಸ್ತೂಲು. ಏನು ಉಪಯೋಗ?

ಅಷ್ಟು ಹೊತ್ತಿಗೆ ಕಾನ್ಪುರದ ಸರ್ಕಾರಿ ಕಾರ್ಖಾನೆಯಿಂದ ನಿರ್ಭೀಕ್ ಬಂದಿತ್ತು. ದೆಹಲಿಯಲ್ಲಿ 2012ರಲ್ಲಿ ಅತ್ಯಾಚಾರಕ್ಕೆ ಬಲಿಯಾದ, ಜನ ನಿರ್ಭಯಾ ಅಂತ ಕರೆದ ಆ ಹುಡುಗಿಯ ನೆನಪಿಗೆ ಹೆಸರಿಟ್ಟು, ಹೆಂಗಸರಿಗೆ ಅಂತಲೇ 2014ರ ಜನವರಿಯಲ್ಲಿ ಬಿಟ್ಟ ರಿವಾಲ್ವರ್ ಅದು. ಟೈಟಾನಿಯಂ ಮಿಶ್ರಲೋಹ, 500 ಗ್ರಾಂ. ಬೆಲೆ ಆಗ 1,22,360 ರೂಪಾಯಿ. ಒಬ್ಬ ಸಾಮಾನ್ಯ ಹೆಂಗಸು ಅಷ್ಟು ದುಡ್ಡು ಎಲ್ಲಿಂದ ತರಬೇಕು ಅಂತ ಆಗಲೇ ಜನ ಕೇಳಿದ್ದರು. ಕೇಳಿದ್ದು ಸರಿ ಅಂತಲೇ ನನಗೂ ಅನ್ನಿಸಿತ್ತು. ಆದರೂ ಹಳೆಯದನ್ನು ಅನುಮತಿ ತೆಗೆದುಕೊಂಡು ಮಾರಿ, ಇದನ್ನು ಕೊಂಡೆ. 'ಹೆಂಗಸರ ಗನ್ನು ತಂದವ್ನೆ' ಅಂತ ಮಂಡಿಯಲ್ಲಿ ನಕ್ಕರು. ಅದು ಬರುವ ಡಬ್ಬಿಯೂ ಹಾಗೇ ಇದೆ, ಮರೂನ್ ಬಣ್ಣ, ಒಡವೆ ಪೆಟ್ಟಿಗೆ ಥರ. ಮನೆಗೆ ತಂದು ಟೇಬಲ್ ಮೇಲಿಟ್ಟು ಕೈಕಾಲು ತೊಳೆಯಲು ಹೋದೆ. ಬರುವಷ್ಟರಲ್ಲಿ ನನ್ನ ಹೆಂಡತಿ ನಗುನಗುತ್ತಾ ಡಬ್ಬಿ ತೆಗೆದಿದ್ದಳು. ಆ ಮುಖ ಆಮೇಲೆ ಹೇಗಾಯಿತು ಅಂತ ಬರೆಯುವುದು ಬೇಡ. ಆ ವರ್ಷ ಗೌರಿ ಹಬ್ಬಕ್ಕೆ ಬಳೆ ಮಾಡಿಸಲೇಬೇಕಾಯಿತು.

ಅರ್ಧ ಕಿಲೋ ಆದರೂ ಉದ್ದ ಏಳು ಇಂಚು. ರೆಡಿಮೇಡ್ ಪ್ಯಾಂಟಿನ ಜೇಬಿಗೆ ಹಾಕಿದರೆ ಹಿಡಿ ಹೊರಗೆ ಇಣುಕುತ್ತದೆ. ಹಾಗಾಗಿ ಪ್ಯಾಂಟ್ ಹೊಲಿಸುತ್ತೇನೆ. ಬಲಗಡೆ ಜೇಬು ಎರಡು ಇಂಚು ಆಳ ಜಾಸ್ತಿ, ಒಳಗೆ ಎರಡು ಪದರ ಕೋರಾ ಬಟ್ಟೆ. ಟೈಲರ್ ಮೊದಲ ಸಲ 'ಯಾಕಣ್ಣ, ಬಾಟ್ಲಿ ಇಡಕ್ಕಾ?' ಅಂದ. ಹೂಂ ಅಂದೆ. ಇವತ್ತಿಗೂ ಅವನ ಲೆಕ್ಕದಲ್ಲಿ ನಾನು ಕುಡುಕ.

ಬರೀ ಜೇಬಿಗೆ ಹಾಗೇ ಇಳಿಸಿಕೊಳ್ಳುವಂತಿಲ್ಲ. 2016ರ ಆಯುಧ ನಿಯಮದ ಪ್ರಕಾರ ಸಣ್ಣ ಗನ್ನು ಅದಕ್ಕೆಂದೇ ಮಾಡಿದ ಚೀಲದಲ್ಲಿರಬೇಕು, ಪೂರ್ತಿ ಮುಚ್ಚಿರಬೇಕು, ನಮ್ಮ ಹಿಡಿತದಲ್ಲಿರಬೇಕು. ನಿಯಮ ಇಲ್ಲದಿದ್ದರೂ ನಾನು ಹಾಗೇ ಇಡುತ್ತಿದ್ದೆ. ಟ್ರಿಗರ್ ಮೇಲೆ ಗಟ್ಟಿ ಚರ್ಮ ಇಲ್ಲದೆ ಯಾರೂ ಇದನ್ನು ಜೇಬಿಗೆ ಹಾಕಬಾರದು. ಚಪ್ಪಲಿ ಹೊಲಿಯುವವರ ಹತ್ತಿರ ಕೂತು ಮಾಡಿಸಿದೆ. ಚರ್ಮದ ಒರಟು ಬದಿ ಹೊರಗೆ ಬರಬೇಕು. ಆಗ ಚೀಲ ಜೇಬಿನ ಬಟ್ಟೆಗೆ ಕಚ್ಚಿಕೊಳ್ಳುತ್ತದೆ, ತೆಗೆದಾಗ ಗನ್ನು ಮಾತ್ರ ಬರುತ್ತದೆ. ನುಣುಪು ಬದಿ ಹೊರಗಿಟ್ಟು ಮಾಡಿದ ಮೊದಲನೆಯದು ಗನ್ನಿನ ಜೊತೆಗೇ ಕಿತ್ತುಕೊಂಡು ಬರುತ್ತಿತ್ತು. ಗುಂಡಿಗೆ ಬಡಿಯುವ ಹಿಂದಿನ ಹ್ಯಾಮರ್ ಜೇಬಿನ ಅಂಚಿಗೆ ಸಿಕ್ಕಿಕೊಳ್ಳದಂತೆ ಮೇಲೆ ಒಂದು ಪಟ್ಟಿ. ಗುಂಡು ಕೂರುವ ಆರು ಮನೆಗಳಲ್ಲಿ ಹ್ಯಾಮರ್ ಎದುರಿನದನ್ನು ಖಾಲಿ ಬಿಡುತ್ತೇನೆ. ಆರರ ಜಾಗದಲ್ಲಿ ಐದು. ಇದು ಹಳೇ ಕಾಲದ ಅಭ್ಯಾಸ, ನನಗೆ ನಿದ್ದೆ ಚೆನ್ನಾಗಿ ಬರುತ್ತದೆ.

ಆ ಜೇಬಿಗೆ ಬೇರೆ ಏನೂ ಹೋಗಬಾರದು. ಚಿಲ್ಲರೆ ಇಲ್ಲ, ಕೀ ಇಲ್ಲ, ಅಡಿಕೆ ಪುಡಿ ಪೊಟ್ಟಣ ಇಲ್ಲ. ಆದರೂ ವಾರಕ್ಕೊಮ್ಮೆ ಬಿಚ್ಚಿ ನೋಡಿದರೆ ಒಳಗೆ ನೂಲಿನ ಕಸ, ಕೊಬ್ಬರಿ ಧೂಳು, ಬೆವರಿನ ಪಸೆ. ಮಾರ್ಚಿಯಿಂದ ಮೇ ತನಕ ಎರಡು ದಿನಕ್ಕೊಮ್ಮೆ ಒರೆಸಬೇಕು.

ಎಣ್ಣೆ ವಿಷಯ ಒಂದು ಹೇಳಿಬಿಡುತ್ತೇನೆ. ನಮ್ಮಪ್ಪನ ಜೋಡಿ ನಳಿಗೆ ಬಂದೂಕು ಇನ್ನೂ ನನ್ನ ಲೈಸೆನ್ಸಿನಲ್ಲಿದೆ. ಅಪ್ಪ ಅದಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಮನೆ ತುಂಬ ಕೊಬ್ಬರಿ ಎಣ್ಣೆ ಇರುವಾಗ ಪೇಟೆ ಎಣ್ಣೆ ಯಾಕೆ ಅಂತ. ಅದು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಧನುರ್ಮಾಸದ ಬೆಳಗ್ಗೆ ತಲೆಗೆ ಹಚ್ಚುವ ಬಾಟಲಿಯನ್ನೇ ಬಿಸಿಲಿಗೆ ಇಡುತ್ತೇವೆ, ಅಲ್ವಾ? ಬಂದೂಕಿನ ಒಳಗೂ ಅದೇ ಕಥೆ. ಜೊತೆಗೆ ವರ್ಷಗಟ್ಟಲೆ ಕೂತು ಜಿಗುಟಾಗಿ, ಹಳಸಿದ ವಾಸನೆ ಬೇರೆ. ಕೊಬ್ಬರಿ ವ್ಯಾಪಾರಿಯಾಗಿ ಹೇಳುತ್ತಿದ್ದೇನೆ, ಗನ್ನಿಗೆ ಕೊಬ್ಬರಿ ಎಣ್ಣೆ ಬೇಡ. ಅಂದಹಾಗೆ, ಮೊದಲು ಒಬ್ಬರ ಹತ್ತಿರ ಮೂರು ಗನ್ನು ಇರಬಹುದಿತ್ತು. 2019ರ ತಿದ್ದುಪಡಿ ಬಂದ ಮೇಲೆ ಎರಡೇ. ಅಪ್ಪನದೊಂದು, ನನ್ನದೊಂದು, ನನ್ನ ಲೆಕ್ಕ ಅಲ್ಲಿಗೆ ಮುಗಿಯಿತು.

ಪಂಚೆ ಉಟ್ಟ ದಿನ ಇದನ್ನು ಒಯ್ಯುವುದಿಲ್ಲ. ಅದಕ್ಕೆ ಕಾರಣ ಇದೆ. ಒಂದು ಗೃಹಪ್ರವೇಶಕ್ಕೆ ಪಂಚೆಯೊಳಗಿನ ಚಡ್ಡಿ ಜೇಬಲ್ಲಿ ಹಾಕಿಕೊಂಡು ಹೋಗಿದ್ದೆ. ನೆಲದ ಮೇಲೆ ಪಂಕ್ತಿ. ಚಕ್ಕಳಮಕ್ಕಳ ಹಾಕಿ ಕೂತು, ಕೋಸಂಬರಿ ಮುಗಿಸಿ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳಲು ಬಗ್ಗಿದೆ. ಚೀಲ ಜಾರಿ ಎಲೆಯ ಪಕ್ಕ ಬಂದು ಕೂತಿದೆ, ನನಗೆ ಗೊತ್ತೇ ಆಗಿಲ್ಲ. ಪಕ್ಕದಲ್ಲಿದ್ದ ಅಜ್ಜ ಎಡಗೈಯಲ್ಲಿ ಎತ್ತಿ, 'ತಗಳಪ್ಪ, ನಿನ್ನ ಕನ್ನಡಕ ಬಿತ್ತು' ಅಂತ ಕೊಟ್ಟರು. ತೂಕ ನೋಡಿ ಒಂದು ಕ್ಷಣ ನನ್ನ ಮುಖ ನೋಡಿದರು. ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಜನ ಸೇರುವ ಕಡೆ ಒಯ್ಯಬಾರದು ಅಂತ ಲೈಸೆನ್ಸಿನಲ್ಲೇ ಇದೆ, ಜಾತ್ರೆ, ಮೆರವಣಿಗೆ, ಶಾಲೆ ಕಾಲೇಜು ಯಾವುದೂ ಆಗದು. ಒಯ್ದದ್ದು ಪೂರ್ತಿ ನನ್ನದೇ ತಪ್ಪು.

ಹೀಗೆ ಲೆಕ್ಕ ಹಾಕುತ್ತಾ ಹೋದರೆ ಒಯ್ಯುವ ದಿನಕ್ಕಿಂತ ಬಿಟ್ಟುಹೋಗುವ ದಿನಗಳೇ ಜಾಸ್ತಿ. ಶಿವರಾತ್ರಿಗೆ ಸಿದ್ಧಗಂಗೆ ಜಾತ್ರೆಯಲ್ಲಿ ದನ ನೋಡಲು ಹೋಗುತ್ತೇನೆ, ಬೇಡ. ಮೊಮ್ಮಗಳನ್ನು ಶಾಲೆಗೆ ಬಿಡಬೇಕು, ಬೇಡ. ಬೆಂಗಳೂರಲ್ಲಿ ಮೆಟ್ರೋ ಹತ್ತಬೇಕು, ಬೇಡ. ನನ್ನ ಲೈಸೆನ್ಸ್ ಕರ್ನಾಟಕಕ್ಕೆ ಮಾತ್ರ. ಪಾವಗಡ ನಮ್ಮ ಜಿಲ್ಲೆಯದೇ ತಾಲ್ಲೂಕು, ಆದರೆ ಮಧುಗಿರಿ ಕಡೆಯಿಂದ ಹೋದರೆ ರಸ್ತೆ ನಡುವೆ ಆಂಧ್ರದೊಳಗೆ ಹಾದು ಬರುತ್ತದೆ. ಕಡಲೆಕಾಯಿ ವ್ಯಾಪಾರಕ್ಕೆ ಅಂತ ಒಮ್ಮೆ ಹೊರಟವನು ಮಧುಗಿರಿಯಲ್ಲಿ ಇದು ನೆನಪಾಗಿ, ಕಾಫಿ ಕುಡಿದು ವಾಪಸ್ ಬಂದೆ.

ನನ್ನ ಅಕ್ಕನ ಮಗ ಟೆಕ್ಸಾಸ್‌ನಲ್ಲಿದ್ದಾನೆ. ಅಲ್ಲಿ 2021ರ ಸೆಪ್ಟೆಂಬರ್‌ನಿಂದ, ಕಾನೂನಿನ ಅಡ್ಡಿ ಇಲ್ಲದ ದೊಡ್ಡವರು ಸಣ್ಣ ಗನ್ನು ಇಟ್ಟುಕೊಂಡು ಓಡಾಡಲು ಪರ್ಮಿಟ್ಟೇ ಬೇಡ. ಅವನ ಸ್ನೇಹಿತನ ಹತ್ತಿರ ರೂಗರ್ ಎಲ್‌ಸಿಪಿ ಅನ್ನುವ ಪುಟ್ಟ ಪಿಸ್ತೂಲು ಇದೆಯಂತೆ. ವಿಡಿಯೋ ಕಾಲ್‌ನಲ್ಲಿ ಅಡುಗೆಮನೆ ತಕ್ಕಡಿ ಮೇಲಿಟ್ಟು ತೋರಿಸಿದರು. ಖಾಲಿ ಇದ್ದಾಗ 266 ಗ್ರಾಂ. ಎರಡೇ ಗಿಟುಕು! ಕೆಲ್‌ಟೆಕ್ ಪಿ-32 ಅಂತ ಇನ್ನೊಂದಿದೆ, ಅದು 190 ಗ್ರಾಂ ಕೂಡ ಇಲ್ಲ. ಹೊಟ್ಟೆಕಿಚ್ಚು ಪಟ್ಟೆ, ಸುಳ್ಳು ಹೇಳುವುದಿಲ್ಲ. 'ಮಾವ, ಇಲ್ಲಿ ಜೇಬಲ್ಲಿ ಇದೆ ಅನ್ನೋದೇ ಮರೆತುಹೋಗುತ್ತಂತೆ' ಅಂದ. ಅದು ಮಾತ್ರ ನನಗೆ ಹಿಡಿಸಲಿಲ್ಲ. ನಾಲ್ಕು ಗಿಟುಕಿನ ತೂಕ ಮರೆಯಲು ಬಿಡುವುದಿಲ್ಲ.

ಮರೆಯಬಾರದು ಅಂತ ನನಗೆ ಗೊತ್ತಾದದ್ದು ಕಿಬ್ಬನಹಳ್ಳಿ ಕ್ರಾಸ್‌ನಲ್ಲಿ. ಒಂದು ಲಾರಿ ಹಿಂದಕ್ಕೆ ಬಂದು ನನ್ನ ಕಾರಿನ ಬಾನೆಟ್ ಮುರಿಯಿತು. ಇಳಿದು ಕೇಳಿದರೆ ಕ್ಲೀನರ್ ಹುಡುಗ, ಇಪ್ಪತ್ತು ವರ್ಷ ಇರಬಹುದು, ನಮ್ಮಮ್ಮನ ಹೆಸರು ಹಿಡಿದು ಬೈದ. ಬಿಸಿಲು, ಸುತ್ತ ಜನ. ನನಗೆ ತಲೆ ಕೆಟ್ಟಿತು. ನಾಲ್ಕು ಮಾತು ನಾನೂ ಅಂದೆ. ಆಮೇಲೆ ನೋಡಿಕೊಳ್ಳುತ್ತೇನೆ, ನನ್ನ ಬಲಗೈ ಜೇಬಿನೊಳಗಿದೆ. ಯಾವಾಗ ಹೋಯಿತೋ ಗೊತ್ತಿಲ್ಲ. ತೆಗೆಯುವ ಉದ್ದೇಶ ಇರಲಿಲ್ಲ, ದೇವರಾಣೆ. ಸುಮ್ನೆ ಹೋಗಿ ಅಲ್ಲಿ ಕೂತಿತ್ತು, ಕೈಗೆ ಅದೇ ಜಾಗ ಅಭ್ಯಾಸ ಆದಂತೆ. ಮೈಯೆಲ್ಲ ತಣ್ಣಗಾಯಿತು. ಕೈ ಹೊರಗೆ ತೆಗೆದು, ಎರಡೂ ಕೈ ಜೋಡಿಸಿ, 'ಆಯ್ತಪ್ಪ, ಹೋಗು' ಅಂದೆ. ಹುಡುಗ ತಬ್ಬಿಬ್ಬಾದ. ನಾನು ಹೆದರಿದೆ ಅಂತ ಸುತ್ತಲಿದ್ದವರು ಅಂದುಕೊಂಡರು. ಹೆದರಿದ್ದೆ ನಿಜ, ಹುಡುಗನಿಗಲ್ಲ. ಬಾನೆಟ್ ರಿಪೇರಿಗೆ ಒಂಬತ್ತು ಸಾವಿರ ಆಯಿತು.

ಆವತ್ತಿನಿಂದ ಇದು ಜೇಬಲ್ಲಿದ್ದ ದಿನ ಯಾರ ಹತ್ತಿರವೂ ದನಿ ಏರಿಸುವುದಿಲ್ಲ. ಹಾರ್ನ್ ಹೊಡೆದವನಿಗೆ ದಾರಿ ಬಿಡುತ್ತೇನೆ. ಹರಾಜಿನಲ್ಲಿ ಯಾರಾದರೂ ಮಾತು ತಪ್ಪಿದರೆ ನಕ್ಕು ಎದ್ದು ಬರುತ್ತೇನೆ. 'ಯಜಮಾನ್ರು ಸಾಧು ಆಗ್ಬಿಟ್ರು' ಅಂತ ಹಮಾಲರು ಹೇಳುತ್ತಾರಂತೆ. ಪಿಸ್ತೂಲು ಮನೆಯಲ್ಲಿರುವ ದಿನ ನನ್ನ ಹತ್ತಿರ ಬೈಸಿಕೊಂಡವರೇ ಇದನ್ನು ಹೇಳುವುದು.

ಈಗ ನನ್ನ ಹೆಂಡತಿಯದು ಬೇರೆಯೇ ಪ್ರಶ್ನೆ. 'ದುಡ್ಡೆಲ್ಲ ಫೋನಾಗೆ ಐತೆ. ಕಳ್ಳ ಬಂದ್ರೂ ಪಾಸ್‌ವರ್ಡ್ ಕೇಳ್ತಾನೆ. ಇದ್ಯಾಕ್ರೀ ಇನ್ನೂ?' ನಿಜ, ಬ್ಯಾಗಲ್ಲಿ ನೋಟು ಹೊತ್ತು ಎಷ್ಟೋ ವರ್ಷ ಆಯಿತು. ಕೆರೆ ಏರಿ ತಿರುವಿಗೆ ಈಗ ಲೈಟ್ ಕಂಬವೂ ಬಂದಿದೆ. ನಾನು ಏನೋ ಗೊಣಗಿ ಪೇಪರ್ ಎತ್ತಿಕೊಳ್ಳುತ್ತೇನೆ.

ಎಲೆಕ್ಷನ್ ಬಂದಾಗ ಇದನ್ನು ಠಾಣೆಗೆ ಒಪ್ಪಿಸಬೇಕು. 2023ರಲ್ಲಿ ವಿಧಾನಸಭೆಗೆ ಒಮ್ಮೆ ಕೊಟ್ಟು ತಂದೆ. 2024ರಲ್ಲಿ ಲೋಕಸಭೆಗೆ ಮಾರ್ಚಿಯಲ್ಲಿ ಕೊಟ್ಟದ್ದು. ನಮ್ಮ ತುಮಕೂರಿನ ಮತದಾನ ಏಪ್ರಿಲ್ 26ಕ್ಕೇ ಮುಗಿಯಿತು, ಎಣಿಕೆ ಆದದ್ದು ಜೂನ್ 4ಕ್ಕೆ. ಮೊದಲ ವಾರ ನಡೆಯುವಾಗ ಎಡಗಡೆಗೆ ವಾಲುತ್ತಿದ್ದೆ. ಎರಡನೇ ವಾರದಿಂದ ಬಲಗಡೆ ಜೇಬಿಗೆ ಕರ್ಚೀಫು ಹೋಯಿತು. ಆಮೇಲೆ ಚಿಲ್ಲರೆ, ಮೊಮ್ಮಗಳಿಗೆ ಪೆಪ್ಪರ್‌ಮಿಂಟು.

ಫಲಿತಾಂಶ ಬಂದು ಎರಡು ವಾರ ಆದರೂ ನಾನು ತರಲು ಹೋಗಿರಲಿಲ್ಲ. ಠಾಣೆಯಿಂದಲೇ ಫೋನ್ ಬಂತು. ಹೋಗಿ, ಗುಂಡು ಎಣಿಸಿ, ರಿಜಿಸ್ಟರ್‌ನಲ್ಲಿ ಸಹಿ ಹಾಕಿ ತಂದೆ. ಮಾರನೇ ದಿನ ಬೆಳಗ್ಗೆ ಚೀಲದಲ್ಲಿಟ್ಟು ಜೇಬಿಗೆ ಇಳಿಸಲು ನೋಡಿದರೆ ಹಿಡಿ ಹೊರಗೆ ಉಳಿಯಿತು. ಕೈ ಹಾಕಿ ತಡಕಿದೆ. ಜೇಬಿನ ತಳದಲ್ಲಿ ಹೊಸ ಹೊಲಿಗೆ. ಚಿಲ್ಲರೆ ಆಳಕ್ಕೆ ಹೋಗಿ ಸಿಗಲ್ಲ ಅಂತ ಗೊಣಗುತ್ತಿದ್ದೆನಂತೆ, ಎಲ್ಲ ಪ್ಯಾಂಟಿನದೂ ಎರಡೆರಡು ಇಂಚು ಮೇಲಕ್ಕೆ ನನ್ನ ಹೆಂಡತಿ ಹೊಲಿದಿಟ್ಟಿದ್ದಾಳೆ.

ಟೈಲರ್ ಹತ್ತಿರ ಇನ್ನೂ ಹೋಗಿಲ್ಲ.