ಫೇವೈಲ್ಡ್‌ನಲ್ಲಿ ಕತ್ತಿಗಿಂತ ಮಾತು ದುಬಾರಿ

ಮೇಜಿನ ಸುತ್ತ ಕೂತು, ಡೈಸ್ ಉರುಳಿಸುತ್ತಾ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅದನ್ನು ಆಡಿಸುವವರು (ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ) ಒಂದಲ್ಲ ಒಂದು ದಿನ ತಮ್ಮ ತಂಡವನ್ನು ಫೇವೈಲ್ಡ್ ಅನ್ನೋ ಕಿನ್ನರ ಲೋಕಕ್ಕೆ ಕರೆದುಕೊಂಡು ಹೋಗಿಯೇ ಹೋಗುತ್ತಾರೆ. ಹೋದ ಮೇಲೆ ಬಹಳಷ್ಟು ಜನ ಮಾಡೋದು ಒಂದೇ. ಹೊಳೆಯುವ ಅಣಬೆ, ನೇರಳೆ ಆಕಾಶ, ಮಾತಾಡುವ ಮೊಲ, ರೆಕ್ಕೆ ಇರುವ ಪುಟಾಣಿಗಳು ಅಂತ ಹತ್ತು ನಿಮಿಷ ವರ್ಣನೆ ಮಾಡುತ್ತಾರೆ. ಆಮೇಲೆ ಪೊದೆಯಿಂದ ಏನೋ ಹಾರಿ ಬರುತ್ತೆ, "ಇನಿಶಿಯೇಟಿವ್ ರೋಲ್ ಮಾಡಿ" ಅಂತಾರೆ, ಅಂದರೆ ಹೊಡೆದಾಟ ಶುರು. ಅಲ್ಲಿಗೆ ಕಥೆ ಮುಗೀತು. ಅಣಬೆ ಕಿತ್ತು ಹಾಕಿದರೆ ಅದು ಯಾವ ಕಾಡಾದರೂ ಆಗಬಹುದು.

ನನ್ನ ಪ್ರಕಾರ ಕಿನ್ನರ ಲೋಕಕ್ಕೆ ಬಣ್ಣ ಬೇಕಾಗಿಲ್ಲ, ಕಾನೂನು ಬೇಕು. ಅಲ್ಲಿ ಆಟಗಾರರು ಹೆದರಬೇಕಾದದ್ದು ತಮ್ಮ ಬಾಯಿಗೆ.

ಹೊಸಬರಿಗೆ ಎರಡು ಮಾತು. ಆಟ ಶುರುವಾದದ್ದು 1974ರಲ್ಲಿ, ಅಮೆರಿಕದಲ್ಲಿ. ಫೇವೈಲ್ಡ್ ಅನ್ನೋ ಲೋಕ ಬಂದದ್ದು ತುಂಬಾ ತಡವಾಗಿ, 2008ರಲ್ಲಿ, ನಾಲ್ಕನೇ ಆವೃತ್ತಿಯ ಜೊತೆ. ಆ ಆವೃತ್ತಿಯದು ಎಷ್ಟೋ ಸಂಗತಿ ಆಮೇಲೆ ಮೂಲೆ ಸೇರಿತು, ಇದು ಮಾತ್ರ ಗಟ್ಟಿಯಾಗಿ ಉಳಿಯಿತು. ಐಡಿಯಾ ಸರಳ. ಮನುಷ್ಯರ ಲೋಕಕ್ಕೆ ಅಂಟಿಕೊಂಡೇ ಇರುವ, ಅದರದ್ದೇ ಪ್ರತಿಬಿಂಬದಂಥ ಇನ್ನೊಂದು ಲೋಕ. ಇಲ್ಲಿ ಸಣ್ಣ ಗುಡ್ಡ ಇದ್ದರೆ ಅಲ್ಲಿ ಮುಗಿಲು ಮುಟ್ಟುವ ಬೆಟ್ಟ. ಇಲ್ಲಿ ಮೊಣಕಾಲುದ್ದದ ಹಳ್ಳ, ಅಲ್ಲಿ ಭೋರ್ಗರೆಯುವ ನದಿ. ನಡುವೆ ದಾಟೋ ಜಾಗಗಳು ಇರುತ್ತವೆ: ಅಣಬೆಗಳು ಸುತ್ತಲೂ ಎದ್ದ ಬಯಲು, ಹಳೇ ಕಲ್ಲಿನ ಕಮಾನು, ಮುಸ್ಸಂಜೆ ಹೊತ್ತಿನ ಕೊಳ. ಕತ್ತಲೆಯ ಪ್ರತಿಬಿಂಬ ಬೇರೆ ಇದೆ, ಅದಕ್ಕೆ ಶ್ಯಾಡೋಫೆಲ್ ಅಂತ ಹೆಸರು, ಅದರ ಗೋಜು ಇವತ್ತು ಬೇಡ.

ಈ ಪ್ರತಿಬಿಂಬದ ವಿಷಯ ಸೋಮಾರಿ ಡಿಎಂಗಳಿಗೆ, ಅಂದರೆ ನನ್ನಂಥವರಿಗೆ, ದೊಡ್ಡ ವರ. ಹೊಸ ಮ್ಯಾಪ್ ಬರೆಯೋದು ಬೇಡ. ಆಟದಲ್ಲಿ ಈಗಾಗಲೇ ಇರುವ ಊರಿನ ಮ್ಯಾಪನ್ನೇ ತೆಗೆದುಕೊಂಡು ಪ್ರತಿಯೊಂದನ್ನೂ ಅತಿ ಮಾಡಿಬಿಡಿ. ಊರಾಚೆ ಒಂಟಿ ಆಲದ ಮರ ಇತ್ತಲ್ವಾ, ಅಲ್ಲಿ ಆ ಮರದ ಬಿಳಲುಗಳ ಒಳಗೇ ಒಂದು ಪೇಟೆ ಇದೆ. ಹೆಂಡದಂಗಡಿಯವನು ಗಿರಾಕಿಗಳಿಗೆ ಸದಾ ಸುಳ್ಳು ಲೆಕ್ಕ ಬರೆಯುತ್ತಿದ್ದ, ಅವನ ಅಂಗಡಿ ಇರೋ ಜಾಗದಲ್ಲಿ ಅಲ್ಲಿ ಯಾವ ಹಾದಿಯೂ ಎಣಿಸಿದಷ್ಟೇ ಹೆಜ್ಜೆಗೆ ಮುಗಿಯೋದಿಲ್ಲ. ಆಟಗಾರರಿಗೆ ಗುರುತು ಹತ್ತಿದಾಗ ಅವರ ಮುಖ ನೋಡಬೇಕು.

ಇನ್ನು ಕಾನೂನಿಗೆ ಬರೋಣ. 2021ರಲ್ಲಿ ದಿ ವೈಲ್ಡ್ ಬಿಯಾಂಡ್ ದ ವಿಚ್‌ಲೈಟ್ ಅನ್ನೋ ಸಾಹಸದ ಪುಸ್ತಕ ಬಂತು. ಅದನ್ನು ಮೊದಲಿನಿಂದ ಕೊನೆಯವರೆಗೆ ಒಂದೂ ಹೊಡೆದಾಟ ಇಲ್ಲದೆ ಮುಗಿಸಬಹುದು, ಹಾಗೆ ಬರೆದಿದ್ದಾರೆ. ಅದರ ಮಾಟಗಾತಿಯರು, ಆಟದ ಭಾಷೆಯಲ್ಲಿ ಹ್ಯಾಗ್‌ಗಳು, ಮೂವರು ಅಕ್ಕತಂಗಿಯರು, ಮೂವರದೂ ಬೇರೆ ಬೇರೆ ಹುಚ್ಚು. ಪಾತ್ರಗಳು ಚಿಕ್ಕವರಿದ್ದಾಗ ಒಂದು ಜಾತ್ರೆಗೆ ಟಿಕೆಟ್ ಇಲ್ಲದೆ ನುಗ್ಗಿ ಏನನ್ನೋ ಕಳೆದುಕೊಂಡಿರುತ್ತಾರೆ, ಒಬ್ಬನಿಗೆ ಗುಟ್ಟು ಉಳಿಸಿಕೊಳ್ಳೋಕೆ ಆಗಲ್ಲ, ಇನ್ನೊಬ್ಬಳಿಗೆ ದಾರಿ ನೆನಪಿರಲ್ಲ, ಹೀಗೆ. ನನಗೆ ಅದರಲ್ಲಿ ತುಂಬಾ ಹಿಡಿಸಿದ್ದು ಮೂರು ನಿಯಮ. ಅತಿಥಿ ಮತ್ತು ಮನೆಯವರು ಒಬ್ಬರಿಗೊಬ್ಬರು ಮರ್ಯಾದೆ ತಪ್ಪಬಾರದು. ಇನ್ನೊಬ್ಬರ ವಸ್ತು ಕದಿಯಬಾರದು. ಕೊಟ್ಟ ಉಡುಗೊರೆಯನ್ನು ಬೇಡ ಅನ್ನಬಾರದು, ಅಷ್ಟೇ ಬೆಲೆಯದ್ದನ್ನು ವಾಪಸ್ ಕೊಡಲೇಬೇಕು. ನೋಡೋಕೆ ನಮ್ಮ ಅಜ್ಜಿಯರು ಹೇಳೋ ಬುದ್ಧಿಮಾತಿನ ಥರ ಇದೆ. ಆದರೆ ಆ ಮೂರನೆಯದಿದೆಯಲ್ಲ, ಅದೊಂದೇ ಸಾಕು, ಆರು ತಿಂಗಳು ಆಟ ಆಡಿಸಬಹುದು.

ನಮ್ಮ ಮೇಜಿನಲ್ಲಿ ನಡೆದದ್ದು ಹೇಳ್ತೀನಿ. ಆಲದ ಬಿಳಲ ಪೇಟೆಯಲ್ಲಿ ಒಬ್ಬಳು ಮುದುಕಿ ದೀಪ ಮಾರುತ್ತಿದ್ದಾಳೆ. ಆ ದೀಪದ ಬೆಳಕಲ್ಲಿ ಮಾಯೆಯ ವೇಷ ಹಾಕಿದವರ ನಿಜರೂಪ ಕಾಣುತ್ತೆ. ನಮ್ಮ ವಿಝರ್ಡ್‌ಗೆ, ಅಂದರೆ ಮಂತ್ರವಾದಿಯ ಪಾತ್ರದವನಿಗೆ, ಅದು ಬೇಕೇ ಬೇಕು.

"ಏನಜ್ಜೀ ರೇಟು?"

"ಚಿನ್ನ ಬೇಡಪ್ಪಾ. ಇವತ್ತು ರಾತ್ರಿಯ ನಿದ್ದೆ ಕೊಡು, ಸಾಕು."

"ಅಷ್ಟೇನಾ? ತಗೋಳಿ."

ಪಕ್ಕದಲ್ಲಿದ್ದ ಕ್ಲೆರಿಕ್ (ಪೂಜಾರಿಯ ಪಾತ್ರದವನು) "ಲೋ, ಲೋ, ತಡಿಯೋ" ಅಂದ, ಅಷ್ಟರಲ್ಲಿ ಮಾತು ಆಚೆ ಬಿದ್ದಿತ್ತು. ಐದನೇ ಆವೃತ್ತಿ ಆಡಿದವರಿಗೆ ಇದು ತಕ್ಷಣ ಹೊಳೆಯುತ್ತೆ. ಎಂಟು ಗಂಟೆಯ ವಿಶ್ರಾಂತಿ (ಲಾಂಗ್ ರೆಸ್ಟ್) ಇಲ್ಲ ಅಂದರೆ ವಿಝರ್ಡ್‌ನ ಖರ್ಚಾದ ಮಂತ್ರಶಕ್ತಿ (ಸ್ಪೆಲ್ ಸ್ಲಾಟ್) ವಾಪಸ್ ಬರಲ್ಲ, ಪ್ರಾಣಶಕ್ತಿ (ಹಿಟ್ ಪಾಯಿಂಟ್) ತುಂಬಲ್ಲ. ರಾತ್ರಿಯೆಲ್ಲ ಅವನು ಕಣ್ಣು ಬಿಟ್ಟುಕೊಂಡು ಮಲಗಿದ್ದ, ಉಳಿದವರು ಗೊರಕೆ ಹೊಡೆದರು. ಬೆಳಿಗ್ಗೆ ಅದೇ ಅಂಗಡಿ ಮುಂದೆ ಹಾದು ಹೋಗುವಾಗ ಮುದುಕಿ ಕೆನ್ನೆ ತುಂಬಿಕೊಂಡು, ಹತ್ತು ವರ್ಷ ಚಿಕ್ಕವಳಾಗಿ, ಆರಾಮಾಗಿ ಮೈ ಮುರಿಯುತ್ತಾ ಕೂತಿದ್ದಳು. "ಚೆನ್ನಾಗಿ ನಿದ್ದೆ ಬಂತಪ್ಪಾ" ಅಂದಳು. ಇಡೀ ಮೇಜು ಬಿದ್ದು ಬಿದ್ದು ನಗುತ್ತಿತ್ತು, ವಿಝರ್ಡ್ ಒಬ್ಬನನ್ನು ಬಿಟ್ಟು. ಆಮೇಲೆ ಆ ಲೋಕದಲ್ಲಿ ಯಾರು ಏನು ಕೊಟ್ಟರೂ ನಮ್ಮವರು ಕೈ ಹಿಂದೆ ಕಟ್ಟಿಕೊಂಡು, "ಇದಕ್ಕೆ ನಾವು ಏನು ಕೊಡಬೇಕಾಗುತ್ತೆ, ಯಾವಾಗ ಕೊಡಬೇಕು" ಅಂತ ವಕೀಲರ ಥರ ಕೇಳೋಕೆ ಶುರು ಮಾಡಿದರು. ಯಾವ ಡ್ರ್ಯಾಗನ್ ಮುಂದೆಯೂ ಅವರು ಅಷ್ಟು ಜಾಗ್ರತೆಯಿಂದ ನಡೆದುಕೊಂಡದ್ದಿಲ್ಲ.

ಇಲ್ಲಿ ಗಮನಿಸಿ, ಕೇಳಿದ ಬೆಲೆ ಆಟದ ನಿಯಮಕ್ಕೆ ತಾಗಬೇಕು. "ನಿನ್ನ ಬಾಲ್ಯದ ಒಂದು ನೆನಪು ಕೊಡು" ಅನ್ನೋದು ಕೇಳೋಕೆ ಚೆಂದ. ಆದರೆ ಪಾತ್ರದ ವಿವರ ಬರೆದಿಟ್ಟ ಕ್ಯಾರೆಕ್ಟರ್ ಶೀಟ್‌ನಲ್ಲಿ ಆ ನೆನಪು ಎಲ್ಲೂ ಬರೆದಿಲ್ಲವಾದರೆ ಆಟಗಾರನಿಗೆ ಏನೂ ಹೋಗಲಿಲ್ಲ, ಸುಮ್ನೆ ತಲೆಯಾಡಿಸಿ ಕೊಟ್ಟುಬಿಡುತ್ತಾನೆ. ಅದರ ಬದಲು ನೆರಳು ಕೇಳಿ, ಬಿಸಿಲಲ್ಲಿ ನಿಂತಾಗ ಊರಿನವರು ನೋಡಿ ಹೌಹಾರಲಿ. ಪಿಸುಮಾತು ಕೇಳಿ, ಇನ್ನು ಅವನು ಏನೇ ಮಾತಾಡಿದರೂ ಜೋರಾಗಿಯೇ ಮಾತಾಡಬೇಕು, ಕಳ್ಳತನಕ್ಕೆ ಹೊರಟ ರೋಗ್‌ಗೆ ಅದು ಎಂಥ ಫಜೀತಿ ನೋಡಿ.

ಕಾನೂನು ಎರಡೂ ಕಡೆಗೆ ಇರಬೇಕು, ಇದು ಮುಖ್ಯ. ಫೇಗಳು, ಅಂದರೆ ಆ ಲೋಕದ ಕಿನ್ನರರು, ತಾವಾಡಿದ ಮಾತನ್ನು ತಾವೂ ಮುರಿಯೋಕೆ ಆಗಬಾರದು. ಇಲ್ಲದಿದ್ದರೆ ಅದು ಡಿಎಂನ ದಾದಾಗಿರಿ ಆಗುತ್ತೆ. ಬೆಂಗಳೂರಿನ ಹಳೇ ಬೀದಿಗಳಲ್ಲಿ ಒಂದು ಕಾಲಕ್ಕೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರಲ್ಲ, ರಾತ್ರಿ ಬಂದ ದೆವ್ವ ಓದಿಕೊಂಡು ಹೋಗಿ ಮರುದಿನ ಮತ್ತೆ ಬಂದು ಮತ್ತೆ ಓದಿಕೊಂಡು ಹೋಗುತ್ತೆ ಅಂತ. ಹೊಸ ಆಟಗಾರರಿಗೆ ಫೇ ಹೇಗೆ ಯೋಚಿಸುತ್ತೆ ಅಂತ ಹೇಳೋಕೆ ನಾನು ಕೊಡೋದು ಇದೊಂದೇ ಉದಾಹರಣೆ. ಅಕ್ಷರ ಏನು ಹೇಳುತ್ತೋ ಅಷ್ಟೇ. ಅದನ್ನು ತಿಳಿದವನು ಬರೀ ಸೀಮೆಸುಣ್ಣದಿಂದ ಗೆಲ್ಲಬಹುದು. ಹಾಗೆ ಗೆಲ್ಲೋಕೆ ಬಿಡಿ. ನಿಮ್ಮ ಹ್ಯಾಗ್ ಎಷ್ಟೇ ಬುದ್ಧಿವಂತಳಾಗಿರಲಿ, ಆಟಗಾರ ಅವಳ ಮಾತಿನಲ್ಲೇ ಸಂದು ಹುಡುಕಿದರೆ ಸೋಲು ಒಪ್ಪಿಕೊಳ್ಳಲಿ.

ಬಹುಮಾನಕ್ಕೂ ಇದೇ ಲೆಕ್ಕ. ಸ್ಕಾಟ್ಲೆಂಡಿನ ಗಡಿನಾಡಲ್ಲಿ ಥಾಮಸ್ ಅನ್ನೋ ಹಾಡುಗಾರನ ಕಥೆ ಇದೆ. 13ನೇ ಶತಮಾನದವನು. ಎಯಿಲ್ಡನ್ ಬೆಟ್ಟಗಳ ಹತ್ತಿರ ಅವನಿಗೆ ಕಿನ್ನರ ರಾಣಿ ಸಿಕ್ಕಳಂತೆ, ಏಳು ವರ್ಷ ತನ್ನ ಜೊತೆ ಇಟ್ಟುಕೊಂಡಳಂತೆ, ಕಳಿಸಿಕೊಡುವಾಗ ಸುಳ್ಳು ಹೇಳಲಾಗದ ನಾಲಿಗೆ ಕೊಟ್ಟಳಂತೆ. ಅವನು ತಕ್ಷಣ ಗೋಳಾಡುತ್ತಾನೆ: ಅಯ್ಯೋ, ಇನ್ನು ನಾನು ಸಂತೆಯಲ್ಲಿ ಮಾರೋದು ಕೊಳ್ಳೋದು ಹೇಗೆ ಅಂತ. ಆ ಗೋಳು ನನಗೆ ಬಹಳ ಇಷ್ಟ. ನಿಮ್ಮ ತಂಡದ ಬಾರ್ಡ್‌ಗೆ, ಅಂದರೆ ಹಾಡುಗಾರನ ಪಾತ್ರಕ್ಕೆ, ಇದನ್ನೇ ಕೊಟ್ಟು ನೋಡಿ. ಡಿಸೆಪ್ಶನ್ ಅನ್ನೋ ಸುಳ್ಳು ಹೇಳೋ ಸ್ಕಿಲ್ ಅನ್ನು ಶೀಟ್‌ನಿಂದ ಹೊಡೆದುಹಾಕಿ, ಅದರ ಬದಲು ಅವನು ಹೇಳಿದ್ದನ್ನು ಕೇಳಿದವರೆಲ್ಲ ನಂಬಲೇಬೇಕು ಅಂತ ಮಾಡಿ. ಪ್ಲಸ್ ಒನ್ ಕತ್ತಿ (ಸ್ವಲ್ಪ ಮಾಯೆ ತುಂಬಿದ ಕತ್ತಿ) ಕೊಟ್ಟಿದ್ದು ಮುಂದಿನ ವಾರ ಮರೆತುಹೋಗುತ್ತೆ, ಇದು ಮರೆಯಲ್ಲ.

ಈಗ ಕಾಲದ ವಿಷಯ. ಇದರಲ್ಲಿ ಅಧಿಕೃತ ಪುಸ್ತಕದ ಮೇಲೆ ನನಗೆ ತಕರಾರಿದೆ. 2014ರ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಬೇಕಾದರೆ ಬಳಸಿ ಅಂತ ಒಂದು ಪಟ್ಟಿ ಇದೆ. ಫೇವೈಲ್ಡ್‌ನಿಂದ ಆಚೆ ಬಂದಾಗ ಇಪ್ಪತ್ತು ಮುಖದ ಡೈಸ್ ಉರುಳಿಸಬೇಕು. ಕಮ್ಮಿ ಬಿದ್ದರೆ ಅಲ್ಲಿ ಕಳೆದ ದಿನಗಳು ಇಲ್ಲಿ ನಿಮಿಷಗಳಾಗುತ್ತವೆ, ನಡುವೆ ಬಿದ್ದರೆ ಏನೂ ವ್ಯತ್ಯಾಸ ಇಲ್ಲ, 20 ಬಿದ್ದರೆ ದಿನಗಳು ವರ್ಷಗಳಾಗುತ್ತವೆ. ಅಂದರೆ ಒಂದು ಡೈಸ್‌ನಿಂದ ನಿಮ್ಮ ರಾಜ, ನಿಮ್ಮ ಖಳನಾಯಕ, ಅರ್ಧಕ್ಕೆ ಬಿಟ್ಟ ಕಥೆ ಎಲ್ಲ ಹಳೇ ಕಾಲಕ್ಕೆ ಹೋಗಿಬಿಡುತ್ತೆ. ಅದರಲ್ಲಿ ಆಟಗಾರರ ಕೈವಾಡ ಏನೂ ಇಲ್ಲ. ಇನ್ನೊಂದು ಇದಕ್ಕಿಂತ ಕೆಟ್ಟದ್ದು, ಆಚೆ ಬರುವಾಗ ವಿಸ್ಡಮ್ ಸೇವಿಂಗ್ ಥ್ರೋ ಮಾಡಿ (ಮನೋಬಲದ ಪರೀಕ್ಷೆಗೆ ಡೈಸ್ ಉರುಳಿಸಿ), 10 ಮುಟ್ಟದಿದ್ದರೆ ಅಲ್ಲಿ ನಡೆದದ್ದೇ ನೆನಪಿರಲ್ಲ ಅನ್ನೋದು. ನಾಲ್ಕು ವಾರ ಭಾನುವಾರ ಸಂಜೆ ಕೂತು ಆಡಿದ್ದನ್ನು ನಿನ್ನ ಪಾತ್ರ ಮರೆತುಬಿಟ್ಟ ಅಂದರೆ ಯಾರಿಗೆ ಸಿಟ್ಟು ಬರಲ್ಲ ಹೇಳಿ?

12ನೇ ಶತಮಾನದಲ್ಲಿ ಇಂಗ್ಲೆಂಡಿನ ರಾಜನ ಆಸ್ಥಾನದಲ್ಲಿದ್ದ ವಾಲ್ಟರ್ ಮ್ಯಾಪ್ ಬರೆದಿಟ್ಟ ಹೆರ್ಲಾ ರಾಜನ ಕಥೆ ಇದಕ್ಕಿಂತ ಎಷ್ಟೋ ಪಾಲು ಮೇಲು. ಹೆರ್ಲಾ ಬ್ರಿಟನ್ನರ ಹಳೇ ರಾಜ. ಕುಳ್ಳರ ರಾಜನೊಬ್ಬ ಇವನ ಮದುವೆಗೆ ಬಂದು ಭರ್ಜರಿಯಾಗಿ ಬಡಿಸುತ್ತಾನೆ, ಒಪ್ಪಂದದ ಪ್ರಕಾರ ಒಂದು ವರ್ಷ ಆದ ಮೇಲೆ ಇವನು ಅವನ ಮದುವೆಗೆ ಹೋಗಲೇಬೇಕು. (ನೋಡಿದ್ರಾ, ಇಲ್ಲೂ ಋಣವೇ.) ಬಂಡೆಯ ಗುಹೆಯೊಳಗೆ ಮೂರು ದಿನ ಮದುವೆ ಊಟ. ಹೊರಡುವಾಗ ಒಂದು ಪುಟ್ಟ ಬೇಟೆನಾಯಿಯನ್ನು ಉಡುಗೊರೆ ಕೊಟ್ಟು ಹೇಳುತ್ತಾರೆ, ಈ ನಾಯಿ ಕೆಳಗೆ ಹಾರುವವರೆಗೆ ನಿಮ್ಮಲ್ಲಿ ಯಾರೂ ಕುದುರೆ ಇಳಿಯಬೇಡಿ ಅಂತ. ಆಚೆ ಬಂದು ಒಬ್ಬ ಕುರುಬನನ್ನು ರಾಣಿಯ ವಿಷಯ ಕೇಳಿದರೆ ಅವನಿಗೆ ಇವರ ಭಾಷೆಯೇ ಸರಿಯಾಗಿ ಅರ್ಥವಾಗಲ್ಲ. ಇನ್ನೂರು ವರ್ಷ ಕಳೆದಿದೆ, ದೇಶ ಸ್ಯಾಕ್ಸನ್ನರ ಕೈಗೆ ಹೋಗಿದೆ. ಕೆಲವರು ಗಾಬರಿಯಲ್ಲಿ ಕುದುರೆಯಿಂದ ಧುಮುಕಿದರು, ನೆಲ ಮುಟ್ಟಿದ್ದೇ ಧೂಳಾದರು. ನಾಯಿ ಇನ್ನೂ ಹಾರಿಲ್ಲವಂತೆ.

ಡೈಸ್‌ಗೂ ಈ ನಾಯಿಗೂ ಇರೋ ವ್ಯತ್ಯಾಸ ನೋಡಿ. ನಾಯಿ ಇದ್ದರೆ ಆಟಗಾರರ ಕೈಯಲ್ಲಿ ಒಂದು ನಿರ್ಧಾರ ಇರುತ್ತೆ, ಮುರಿಯಬಹುದಾದ ಒಂದು ಷರತ್ತು ಇರುತ್ತೆ. ನಾನು ಮಾಡೋದೂ ಹಾಗೇ. ಒಳಗೆ ಹೋಗುವಾಗಲೇ ಯಾರಾದರೂ ಎಚ್ಚರಿಕೆ ಕೊಡುತ್ತಾರೆ: ಅಲ್ಲಿ ಊಟ ಮಾಡಿದಷ್ಟು ಸಲ ಇಲ್ಲಿ ಒಂದೊಂದು ಋತು ಕಳೆಯುತ್ತೆ. ಆಮೇಲೆ ಮೇಜಿನ ಮೇಲೆ ಊಟ ಬಡಿಸುತ್ತೇನೆ, ಬಡಿಸಿದವರಿಗೆ ಬೇಡ ಅಂದರೆ ಮರ್ಯಾದೆ ತಪ್ಪಿದ ಹಾಗೆ. ಇಬ್ಬರು ತಿಂತಾರೆ, ಇಬ್ಬರು ತಿನ್ನಲ್ಲ, ಅವರವರಲ್ಲೇ ಜಗಳ. ನನಗೆ ಬೇರೆ ಕೆಲಸವೇ ಇಲ್ಲ.

ರಾಜಕೀಯದ ವಿಷಯ ಜಾಸ್ತಿ ಹೇಳಲ್ಲ. ಸೀಲಿ, ಅನ್‌ಸೀಲಿ ಅಂತ ಎರಡು ಆಸ್ಥಾನ, ಒಂದು ಕಡೆ ರಾಣಿ ಟೈಟೇನಿಯಾ, ಇನ್ನೊಂದು ಕಡೆ ಗಾಳಿ ಕತ್ತಲೆಗಳ ರಾಣಿ. ಇದನ್ನು ಒಳ್ಳೆಯವರು ಕೆಟ್ಟವರು ಅಂತ ಆಡಿಸಿದರೆ ಸಪ್ಪೆ. ಸೀಲಿಯವರೂ ಅವಮಾನ ಆದರೆ ಮನೆ ಹಾಳು ಮಾಡುವವರೇ, ಏನೋ ಮುಂಚೆ ಒಂದು ಎಚ್ಚರಿಕೆ ಕೊಡುತ್ತಾರೆ ಅಷ್ಟೇ. ಕಿನ್ನರರು ಮನುಷ್ಯರ ಕೂಸು ಕದ್ದು ತಮ್ಮದನ್ನು ಬಿಟ್ಟುಹೋಗೋ ಕಥೆಗಳನ್ನು ತರೋ ಮುಂಚೆ ಮಾತ್ರ ಆಟಗಾರರನ್ನು ಕೇಳಿಕೊಳ್ಳಿ. ಮೇಜಿನಲ್ಲಿ ಸಣ್ಣ ಮಕ್ಕಳ ತಂದೆತಾಯಿ ಇದ್ದರೆ ಅದು ಆಟವಾಗಿ ಉಳಿಯಲ್ಲ.

ಕಬ್ಬಿಣ ಇನ್ನೊಂದು. ಹಳೇ ಕಥೆಗಳಲ್ಲೆಲ್ಲ ಫೇಗಳಿಗೆ ಕಬ್ಬಿಣ ಅಂದರೆ ಆಗದು, ಆದರೆ ಐದನೇ ಆವೃತ್ತಿಯಲ್ಲಿ ಹೆಚ್ಚಿನ ಫೇಗಳಿಗೆ ಕಬ್ಬಿಣದ ಕತ್ತಿಯೂ ಒಂದೇ, ಬೇರೆ ಕತ್ತಿಯೂ ಒಂದೇ. ನಾನು ಹಳೇ ನಿಯಮ ವಾಪಸ್ ತಂದಿದ್ದೇನೆ. ದಾಟುವ ಜಾಗದಲ್ಲಿ ಕಬ್ಬಿಣದ್ದೆಲ್ಲ ಆಚೆ ಬಿಟ್ಟು ಬರಬೇಕು, ಪ್ಲೇಟ್ ಆರ್ಮರ್ (ಲೋಹದ ಕವಚ) ಕೂಡ. ಫೈಟರ್ ಮುನಿಸಿಕೊಳ್ಳುತ್ತಾನೆ. ಯಾರಾದರೂ ಒಬ್ಬರು ಬೂಟಿನೊಳಗೆ ಒಂದು ಮೊಳೆ ಬಚ್ಚಿಟ್ಟುಕೊಂಡೇ ಇರುತ್ತಾರೆ. ಇರಲಿ ಬಿಡಿ, ಆ ಮೊಳೆಯಿಂದಲೇ ಕಥೆ ಹುಟ್ಟೋದು.

ಒಂದೇ ಸಂಜೆಯಲ್ಲಿ ಮುಗಿಯೋ ಆಟ ಬೇಕು ಅನ್ನುವವರಿಗೆ ಅಬರ್‌ಫಾಯಲ್ ಇದೆ. ಸ್ಕಾಟ್ಲೆಂಡಿನ ಹಳ್ಳಿ. 17ನೇ ಶತಮಾನದಲ್ಲಿ ಅಲ್ಲಿ ರಾಬರ್ಟ್ ಕರ್ಕ್ ಅನ್ನೋ ಪಾದ್ರಿ ಇದ್ದರು, ಏಳನೇ ಮಗ, ಬೈಬಲ್ಲಿನ ಕೀರ್ತನೆಗಳನ್ನು ಗೇಲಿಕ್ ಭಾಷೆಗೆ ತಂದ ವಿದ್ವಾಂಸರು. ತಮ್ಮ ಸುತ್ತಲಿನ ಜನ ಕಿನ್ನರರ ಬಗ್ಗೆ ಹೇಳಿದ್ದನ್ನೆಲ್ಲ ಒಬ್ಬ ಸಂಶೋಧಕನ ಹಾಗೆ ಬರೆದಿಟ್ಟರು, ಅದು ಅಚ್ಚಾದದ್ದು ಮಾತ್ರ 1815ರಲ್ಲಿ. ಬರೆದ ಸ್ವಲ್ಪ ಕಾಲಕ್ಕೆ, 1692ರಲ್ಲಿ, ಊರ ಪಕ್ಕದ ಕಿನ್ನರರ ಗುಡ್ಡದ ಮೇಲೆ ಕುಸಿದು ಬಿದ್ದು ತೀರಿಕೊಂಡರು. ಗುಟ್ಟು ಬರೆದದ್ದಕ್ಕೆ ಕಿನ್ನರರೇ ಎತ್ತಿಕೊಂಡು ಹೋದರು ಅಂತ ಊರ ಜನ. ಅವರು ಒಬ್ಬ ಬಂಧುವಿಗೆ ಕಾಣಿಸಿಕೊಂಡು ಹೇಳಿದರಂತೆ: ನಾನು ಸತ್ತಿಲ್ಲ, ನನ್ನ ಮಗುವಿನ ನಾಮಕರಣದ ದಿನ ಕೋಣೆಗೆ ಬರುತ್ತೇನೆ, ಆಗ ಇಂಥವನು ಕೈಯಲ್ಲಿರೋ ಚಾಕುವನ್ನು ನನ್ನ ತಲೆ ಮೇಲಿಂದ ಆಚೆ ಎಸೆದರೆ ಬಿಡುಗಡೆ. ನಾಮಕರಣ ನಡೀತು, ಪಾದ್ರಿ ಬಂದರು, ಚಾಕು ಹಿಡಿದವನು ಬೆರಗಾಗಿ ನಿಂತುಬಿಟ್ಟ, ಎಸೆಯಲಿಲ್ಲ.

ನಿಮ್ಮ ತಂಡವನ್ನು ಆ ಕೋಣೆಯಲ್ಲಿ ಅತಿಥಿಗಳಾಗಿ ಕೂರಿಸಿ. ಚಾಕು ಅವರ ಹತ್ತಿರ ಇರಬಾರದು, ಗಾಬರಿ ಸ್ವಭಾವದ ಒಬ್ಬ ನೆಂಟನ ಸೊಂಟದಲ್ಲಿರಲಿ, ಪಾದ್ರಿಯ ಮಾತು ಕೇಳಿಸಿಕೊಂಡ ಬಂಧು ಆಟಗಾರರಲ್ಲಿ ಒಬ್ಬರಾಗಿರಲಿ. ಬಂದಿರೋ ಅತಿಥಿಗಳಲ್ಲಿ ಇಬ್ಬರು ಗುಡ್ಡದ ಕಡೆಯವರು, ಅವರ ಎದುರಿಗೆ ಈ ವಿಷಯ ಬಾಯಿ ಬಿಟ್ಟು ಹೇಳುವ ಹಾಗಿಲ್ಲ. ಎರಡು ಗಂಟೆ ಊಟ, ಉಪಚಾರ, ಕಣ್ಸನ್ನೆ ನಡೆಯಲಿ. ಪಾದ್ರಿ ಬಾಗಿಲಲ್ಲಿ ಕಂಡ ಮೇಲೆ ಅವರಿಗೆ ಸಿಗೋದು ಒಂದೇ ರೌಂಡ್, ಅಂದರೆ ಆರು ಸೆಕೆಂಡ್.